ಹಳೆ ಕಾರಿಗೆ ಆಲ್ಟರ್ನೇಟರ್: ಕೊಳ್ಳುವ ಮೊದಲು ಅಳೆಯಬೇಕಾದದ್ದು

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಸ್ಟ್ಯಾಂಡರ್ಡ್ ಹೆರಾಲ್ಡ್, ಮಾರಿಸ್ ಮೈನರ್ ಇಟ್ಟುಕೊಂಡವರಿಗೆ ಕರಾವಳಿಯಲ್ಲಿ ಚಾರ್ಜಿಂಗ್ ಕಾಟ ಶುರುವಾಗುವುದು ಆಟಿ ತಿಂಗಳ (ಜುಲೈ-ಆಗಸ್ಟ್‌ನ ಜೋರು ಮಳೆಗಾಲ) ರಾತ್ರಿಯಲ್ಲಿ. ಹೆಡ್‌ಲೈಟ್, ವೈಪರ್, ಬ್ಲೋವರ್ ಮೂರೂ ಒಟ್ಟಿಗೆ ಬೇಕು, ಆದರೆ ಕಾರು ಉಡುಪಿಯ ಕಲ್ಸಂಕದಲ್ಲೋ ಮಂಗಳೂರಿನ ಪಂಪ್‌ವೆಲ್‌ನಲ್ಲೋ ಐಡಲ್‌ನಲ್ಲಿ ನಿಂತಿರುತ್ತದೆ, ಅಂದರೆ ಎಂಜಿನ್ ಅತಿ ನಿಧಾನಕ್ಕೆ ಓಡುತ್ತಿರುತ್ತದೆ. ಎಂಜಿನ್ ಬೆಲ್ಟಿನಿಂದ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಯಂತ್ರವೇ ಆಲ್ಟರ್ನೇಟರ್. ಅದರ ಲೇಬಲ್ ಮೇಲಿನ ಆಂಪ್ ಸಂಖ್ಯೆ ಎಂಜಿನ್ ಜೋರಾಗಿ ಓಡುವಾಗ ಸಿಗುವಂಥದ್ದು. ನಮಗೆ ಬೇಕಾದ್ದು ಐಡಲ್‌ನಲ್ಲಿ ಬರುವ ಕರೆಂಟು, ಕಾರಿನ ಬ್ರಾಕೆಟ್‌ಗೆ ಹೊಂದುವ ಬಾಡಿ, ಮತ್ತು ಅದನ್ನು ತಾಳಿಕೊಳ್ಳುವ ವಯರು.

ಹಾಳಾಗಿರುವುದು ಆಲ್ಟರ್ನೇಟರೇ ಹೌದೇ?

ಮೊದಲು ಮಲ್ಟಿಮೀಟರ್ ಹಿಡಿಯಿರಿ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಎಂಜಿನ್ 1500ರಿಂದ 2000 ಆರ್‌ಪಿಎಂನಲ್ಲಿರುವಾಗ 13.8ರಿಂದ 14.4 ಬರಬೇಕು. ಹೆಡ್‌ಲೈಟ್, ಬ್ಲೋವರ್ ಹಾಕಿದ ಮೇಲೂ 13.5ಕ್ಕಿಂತ ಕೆಳಗಿಳಿಯಬಾರದು. 14.8 ದಾಟಿದರೆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿದಾಗ ಬ್ಯಾಟರಿ ಮೇಲೆ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಎಸಿಯನ್ನು ಡಿಸಿ ಮಾಡುವ ಡಯೋಡ್ ಹೋಗಿದೆ ಎಂದು ಗುಮಾನಿ ಪಡಬೇಕು.

ವೋಲ್ಟೇಜ್ ಕಡಿಮೆ ಇದೆ ಎಂದ ಕೂಡಲೇ ಸ್ಪ್ಯಾನರ್ ಎತ್ತಬೇಡಿ. ಲೋಡ್ ಹಾಕಿಯೇ ಇಟ್ಟು, ಮೀಟರಿನ ಒಂದು ಮೊನೆಯನ್ನು ಆಲ್ಟರ್ನೇಟರಿನ ಔಟ್‌ಪುಟ್ ಬೋಲ್ಟಿಗೆ, ಇನ್ನೊಂದನ್ನು ಬ್ಯಾಟರಿಯ ಪ್ಲಸ್ ಸೀಸದ ಕಂಬಕ್ಕೇ ಒತ್ತಿ. ಕ್ಲ್ಯಾಂಪಿಗೆ ಒತ್ತಿದರೆ ಕ್ಲ್ಯಾಂಪಿನ ದೋಷ ಗೊತ್ತಾಗುವುದಿಲ್ಲ. 0.3 ವೋಲ್ಟಿಗಿಂತ ಹೆಚ್ಚು ಬಂದರೆ ತೊಂದರೆ ವಯರಿನಲ್ಲಿದೆ. ಆಮೇಲೆ ಆಲ್ಟರ್ನೇಟರ್ ಬಾಡಿಯಿಂದ ಬ್ಯಾಟರಿಯ ಮೈನಸ್ ಕಂಬಕ್ಕೆ ಅಳೆಯಿರಿ; 0.2 ಮೀರಿದರೆ ಎಂಜಿನ್, ಬಾಡಿಯನ್ನು ಬ್ಯಾಟರಿಗೆ ಕೂಡಿಸುವ ಅರ್ತ್ ಪಟ್ಟಿ ಸರಿ ಇಲ್ಲ. ಸಮುದ್ರದ ಉಪ್ಪುಗಾಳಿ ಮೊದಲು ತಿನ್ನುವುದು ಇವೆರಡನ್ನೇ. ವಯರಿನ ತುದಿಯ ಲಗ್ ಹೊರಗಿನಿಂದ ಚೆನ್ನಾಗಿಯೇ ಕಾಣಬಹುದು. ಅದರ ಹಿಂದೆ ಒಂದು ಇಂಚು ಪ್ಲಾಸ್ಟಿಕ್ ಸುಲಿದು ನೋಡಿ: ತಾಮ್ರದ ಎಳೆಗಳು ಕಪ್ಪಾಗಿದ್ದರೆ, ಉಜ್ಜಿದಾಗ ಹಸಿರು ಕಿಲುಬು ಪುಡಿಯಾಗಿ ಉದುರಿದರೆ, ಎಷ್ಟು ಒಳ್ಳೆಯ ಆಲ್ಟರ್ನೇಟರ್ ತಂದರೂ ಕಾರಿನ ಹಣೆಬರಹ ಬದಲಾಗದು. ಆ ವಯರು ಮೊದಲು ಬದಲಾಗಲಿ.

ಎಷ್ಟು ಆಂಪ್ ಬೇಕು?

ಮಳೆರಾತ್ರಿಯ ಲೆಕ್ಕ ಹಾಕಿ. ಎಚ್4 ಹ್ಯಾಲೊಜೆನ್ ಬಲ್ಬ್ ಎರಡು, ಡಿಮ್‌ನಲ್ಲಿ ತಲಾ 55 ವ್ಯಾಟ್, ಅಂದರೆ 8 ಆಂಪ್. ಪಾರ್ಕಿಂಗ್, ಹಿಂದಿನ ದೀಪ, ನಂಬರ್ ಪ್ಲೇಟ್, ಡ್ಯಾಶ್ ಸೇರಿ ಎರಡೂವರೆ. ಇಗ್ನಿಷನ್ ಕಾಯಿಲ್ 3, ವೈಪರ್ 4, ಬ್ಲೋವರ್ 5. ಬ್ರೇಕ್ ಒತ್ತಿದರೆ 21 ವ್ಯಾಟಿನ ಎರಡು ಬಲ್ಬಿಗೆ ಇನ್ನೂ 3. ಒಟ್ಟು ಸುಮಾರು 25. ಇಂಥ ಹಳೆ ಕಾರುಗಳಲ್ಲಿ ಆಲ್ಟರ್ನೇಟರಿನ ಬದಲು ಇರುತ್ತಿದ್ದ ಲ್ಯೂಕಾಸ್ ಸಿ40 ಡೈನಮೋದ ಗರಿಷ್ಠ ಔಟ್‌ಪುಟ್ 22 ಆಂಪ್, ಅದೂ ಎಂಜಿನ್ ಓಡುತ್ತಿರುವಾಗ. ಐಡಲ್‌ನಲ್ಲಿ ಬಹುಪಾಲು ಸೊನ್ನೆ. ಬ್ಯಾಟರಿ ಮತ್ತೆ ತುಂಬಲು ಆರೇಳು ಆಂಪ್ ಸೇರಿಸಿದರೆ 35ರಿಂದ 45 ಆಂಪಿನ ಆಲ್ಟರ್ನೇಟರ್ ಧಾರಾಳ ಸಾಕು. ಎಸಿ ಹಾಕಿಸಿದ್ದರೆ ಕಂಡೆನ್ಸರ್ ಫ್ಯಾನ್, ಕಂಪ್ರೆಸರ್ ಕ್ಲಚ್ ಎರಡೂ ಸೇರಿ 12ರಿಂದ 14 ಆಂಪ್ ಹೆಚ್ಚುವರಿ. ಆಗ 55ರಿಂದ 60ರದ್ದು ನೋಡಿ.

ಅದಕ್ಕಿಂತ ದೊಡ್ಡದು ಬೇಡವೇ ಬೇಡ. ಒಂದೇ ವಿ-ಬೆಲ್ಟ್ 60 ಆಂಪ್ ಮೀರಿದ್ದನ್ನು ಜಾರದೆ ತಿರುಗಿಸುವುದು ಕಷ್ಟ, ಮಳೆನೀರು ಎರಚಿದಾಗಲಂತೂ ಕೀಚಲು ಸದ್ದು ಖಚಿತ. ಹಳೆ ಎಂಜಿನ್‌ಗಳಲ್ಲಿ ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುವುದರಿಂದ ಬೆಲ್ಟ್ ಜಾರಿದರೆ ಎಂಜಿನ್ ಬಿಸಿಯೇರುತ್ತದೆ.

ಇನ್ನು ಐಡಲ್. ಕ್ರ್ಯಾಂಕ್ ಪುಲ್ಲಿಯ ವ್ಯಾಸವನ್ನು ಆಲ್ಟರ್ನೇಟರ್ ಪುಲ್ಲಿಯ ವ್ಯಾಸದಿಂದ ಭಾಗಿಸಿ. 130 ಮಿ.ಮೀ. ಮತ್ತು 65 ಮಿ.ಮೀ. ಆದರೆ ಎರಡು ಪಟ್ಟು: ಎಂಜಿನ್ 800ರಲ್ಲಿದ್ದರೆ ಆಲ್ಟರ್ನೇಟರ್ 1600ರಲ್ಲಿ ತಿರುಗುತ್ತದೆ. ಲೇಬಲ್ ಮೇಲಿನ ಆಂಪ್ ಸಾಮಾನ್ಯವಾಗಿ ಆಲ್ಟರ್ನೇಟರಿನ 6000 ಆರ್‌ಪಿಎಂಗೆ ಕೊಟ್ಟದ್ದು. 1600ರಲ್ಲಿ ಅದರ ಸಣ್ಣ ಪಾಲು ಮಾತ್ರ. ಡೈನಮೋ ಬಿಚ್ಚಿ ಆಲ್ಟರ್ನೇಟರ್ ಹಾಕುವವರು ಡೈನಮೋದ ದೊಡ್ಡ ಪುಲ್ಲಿಯನ್ನೇ ಅದಕ್ಕೂ ಏರಿಸುವುದು ಬಹಳ ಕಡೆ ನಡೆಯುವ ತಪ್ಪು. ವೇಗ ಹೆಚ್ಚಾದರೆ ಡೈನಮೋದೊಳಗೆ ತಿರುಗುವ ಆರ್ಮೇಚರ್ ವೈಂಡಿಂಗ್ ಕಿತ್ತು ಬರುತ್ತದೆಂದು ಅದಕ್ಕೆ ದೊಡ್ಡ ಪುಲ್ಲಿ. ಆಲ್ಟರ್ನೇಟರಿಗೆ ಆ ಭಯವಿಲ್ಲ, ಅದರದೇ ಸಣ್ಣ ಪುಲ್ಲಿ ಇರಲಿ. 60 ಮಿ.ಮೀ.ಗಿಂತ ಸಣ್ಣದು ಮಾತ್ರ ಬೇಡ, ದಪ್ಪ ವಿ-ಬೆಲ್ಟ್ ಬೇಗ ಬಿರುಕು ಬಿಡುತ್ತದೆ.

ಕೂರುತ್ತದೆಯೇ?

ಹಳೆಯದನ್ನು ಬಿಚ್ಚಿಕೊಂಡೇ ಅಂಗಡಿಗೆ ಹೋಗಿ. ಅಳೆಯಬೇಕಾದದ್ದು ಬೋಲ್ಟ್ ಹಾಕುವ ಕಿವಿಗಳ ನಡುವಿನ ಅಂತರ, ಬೋಲ್ಟ್ ತೂತಿನ ವ್ಯಾಸ, ಹಿಂದಿನ ಕಿವಿಯಿಂದ ಪುಲ್ಲಿಯಲ್ಲಿ ಬೆಲ್ಟ್ ಕೂರುವ ತೋಡಿನ ನಡುವಿನವರೆಗಿನ ಉದ್ದ. ಡೈನಮೋ ಉದ್ದ, ಆಲ್ಟರ್ನೇಟರ್ ಗಿಡ್ಡ. ಮಧ್ಯದ ಜಾಗಕ್ಕೆ ಲೇತ್‌ನಲ್ಲಿ ಉಕ್ಕಿನ ಬುಶ್ ಮಾಡಿಸಬೇಕು. ವಾಷರ್ ಪೇರಿಸಿ ತುಂಬಿದರೆ ನಡುಕಕ್ಕೆ ಸಡಿಲಾಗಿ ಅಲ್ಯೂಮಿನಿಯಂ ಕಿವಿ ಮುರಿಯುತ್ತದೆ. ಅಂಬಾಸಿಡರ್, ಮಾರಿಸ್‌ನಲ್ಲಿ 5/16 ಇಂಚಿನ ಯುಎನ್‌ಎಫ್ (ಇಂಚು ಅಳತೆಯ ಥ್ರೆಡ್) ಬೋಲ್ಟ್ ಇರುತ್ತದೆ. ಅದರ ದಪ್ಪ 7.94 ಮಿ.ಮೀ., ಎಂ8 ಬೋಲ್ಟಿಗೆ ಕೂದಲೆಳೆಯಷ್ಟು ಹತ್ತಿರ, ಆದರೆ ಮರೆ (ಥ್ರೆಡ್) ಬೇರೆ. ಬಲವಂತವಾಗಿ ತಿರುಗಿಸಿದರೆ ಎಂಜಿನ್ ಬ್ಲಾಕಿನ ಮರೆಯೇ ಹೋಗುತ್ತದೆ.

ಹೊಸ ಕಾರುಗಳ ಆಲ್ಟರ್ನೇಟರಿನಲ್ಲಿ ಸಣ್ಣ ಸಣ್ಣ ಗೀರುಗಳ ಚಪ್ಪಟೆ ಬೆಲ್ಟಿನ ಪುಲ್ಲಿ ಇರುತ್ತದೆ. ನಿಮಗೆ ಬೇಕಾದ್ದು ಒಂಟಿ ವಿ ಪುಲ್ಲಿ. ಅದರಲ್ಲೂ ಬೆಲ್ಟಿನ ಮೇಲ್ಭಾಗ 10 ಮಿ.ಮೀ.ಯೋ 13 ಮಿ.ಮೀ.ಯೋ ಎಂದು ನೋಡಿ. ಪುಲ್ಲಿಯ ತೋಡಿನ ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬೆಲ್ಟ್ ತಳಕ್ಕೆ ಮುಟ್ಟಿ ಓಡಿದೆ ಎಂದರ್ಥ. ವಿ-ಬೆಲ್ಟ್ ಹಿಡಿಯುವುದು ಎರಡು ಬದಿಯ ಗೋಡೆಗಳಿಂದ. ತಳ ಮುಟ್ಟಿದರೆ ಎಷ್ಟು ಬಿಗಿದರೂ ಜಾರುತ್ತದೆ.

ಡೀಸೆಲ್ ವಾಹನವಾದರೆ ಹಿಂಬದಿ ನೋಡಿ. ಅನೇಕ ಡೀಸೆಲ್ ಎಂಜಿನ್‌ಗಳಲ್ಲಿ ಬ್ರೇಕ್ ಬೂಸ್ಟರಿನ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರಿನ ಬೆನ್ನಿಗೇ ಇರುತ್ತದೆ, ಎಂಜಿನ್ ಆಯಿಲ್ ಪೈಪ್ ಅದಕ್ಕೆ ಬರುತ್ತದೆ. ಪಂಪ್ ಇಲ್ಲದ್ದನ್ನು ಹಾಕಿಸಿ ಆಗುಂಬೆಯೋ ಶಿರಾಡಿಯೋ ಇಳಿಯಲು ಹೋಗಬೇಡಿ.

ಪ್ಲಸ್ ಅರ್ತ್ ಕಾರುಗಳು

ಬ್ರಿಟಿಷ್ ಮೂಲದ ಕೆಲವು ಹಳೆ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ಸೇ ಕಾರಿನ ಬಾಡಿಗೆ ಕೂಡಿರುತ್ತದೆ. ಈಗ ಸಿಗುವ ಆಲ್ಟರ್ನೇಟರುಗಳೆಲ್ಲ ಸಾಮಾನ್ಯವಾಗಿ ಮೈನಸ್ ಅರ್ತ್‌ನವು. ತಿರುಗಾಮುರುಗಾ ಕೊಟ್ಟರೆ ಡಯೋಡುಗಳು ಕ್ಷಣದಲ್ಲಿ ಸುಡುತ್ತವೆ. ಮೊದಲು ಬ್ಯಾಟರಿ ತಿರುಗಿಸಿ. ಪ್ಲಸ್ ಕಂಬ ಮೈನಸ್ಸಿಗಿಂತ ದಪ್ಪ, ಆದ್ದರಿಂದ ಕ್ಲ್ಯಾಂಪುಗಳನ್ನೂ ಬದಲಿಸಬೇಕು. ಕಾಯಿಲ್‌ನ ಎರಡು ವಯರು, ಆಮೀಟರಿನ ಎರಡು ವಯರು ಅದಲುಬದಲು ಮಾಡಿ. ಸೆಲ್ಫ್ ಮೋಟರಿಗೆ ಫೀಲ್ಡ್ ವೈಂಡಿಂಗ್ ಇರುವುದರಿಂದ ಅದು ಹಾಗೆಯೇ ತಿರುಗುತ್ತದೆ. ಹಳೆ ರೇಡಿಯೋ ಇದ್ದರೆ ಕಳಚಿಡಿ.

ವಯರಿಂಗ್

ರೆಗ್ಯುಲೇಟರ್ ಒಳಗೇ ಇರುವ ಆಲ್ಟರ್ನೇಟರನ್ನೇ ಕೇಳಿ. ಎರಡೇ ವಯರಿನಲ್ಲಿ ಕೆಲಸ ಮುಗಿಯುತ್ತದೆ: ದಪ್ಪ ಔಟ್‌ಪುಟ್ ಬೋಲ್ಟ್, ಅದಕ್ಕೆ ಬಿ ಪ್ಲಸ್ ಎಂದೋ ಬರೀ ಪ್ಲಸ್ ಗುರುತೋ ಇರುತ್ತದೆ, ಮತ್ತು ಚಾರ್ಜಿಂಗ್ ದೀಪದ ತೆಳು ವಯರಿಗೆ ಎಲ್, ಡಿ ಪ್ಲಸ್ ಅಥವಾ ಐಎನ್‌ಡಿ. ಐಜಿ ಅಥವಾ ಎಸ್ ಎಂಬ ಮೂರನೆಯದಿದ್ದರೆ ಐಜಿಯನ್ನು ಇಗ್ನಿಷನ್ ಸ್ವಿಚ್ಚಿಗೆ, ಎಸ್ ಅನ್ನು ಬ್ಯಾಟರಿ ಪ್ಲಸ್ಸಿಗೆ ಕೊಡಬೇಕು.

ಹಳೆ ಕಟ್‌ಔಟ್ ಬಾಕ್ಸನ್ನು (ಡೈನಮೋದ ರೆಗ್ಯುಲೇಟರ್ ಪೆಟ್ಟಿಗೆ) ಅಂದಕ್ಕೆ ಅಲ್ಲೇ ಉಳಿಸಬಹುದು, ಆದರೆ ಒಳಗಿನ ಕಾಯಿಲುಗಳಿಗೆ ಯಾವ ಸಂಪರ್ಕವೂ ಇರಬಾರದು. ಬ್ಯಾಟರಿಯ ಮೈನಸ್ ಕಳಚಿ, ಎ ಮತ್ತು ಎ1 ವಯರುಗಳನ್ನು ಒಂದಕ್ಕೊಂದು ಸೇರಿಸಿ. ಡಿ ಟರ್ಮಿನಲ್ಲಿಗೆ ಬರುವ ಚಾರ್ಜಿಂಗ್ ದೀಪದ ತೆಳು ವಯರನ್ನು ಎಫ್ ವಯರಿಗೆ ಸೇರಿಸಿ. ಎಫ್‌ನ ಇನ್ನೊಂದು ತುದಿ ಆಲ್ಟರ್ನೇಟರಿನ ಐಎನ್‌ಡಿಗೆ ಹೋಗಲಿ. ಡೈನಮೋದ ಹಳೆ ದಪ್ಪ ವಯರನ್ನು ಔಟ್‌ಪುಟ್‌ಗೆ ಬಳಸಬೇಡಿ, ಅದು 22 ಆಂಪ್ ಲೆಕ್ಕದಲ್ಲಿ ಹಾಕಿದ್ದು. 45 ಆಂಪ್‌ಗೆ 6 ಚದರ ಮಿ.ಮೀ., 60ಕ್ಕೆ 10 ಚದರ ಮಿ.ಮೀ. ತಾಮ್ರದ ಹೊಸ ವಯರನ್ನು ಸೆಲ್ಫ್ ಸೊಲೆನಾಯ್ಡಿನ ಬ್ಯಾಟರಿ ಬದಿಯ ಬೋಲ್ಟಿಗೆ ಎಳೆಯಿರಿ. ಆ ತುದಿಯ ಹತ್ತಿರ ಆಲ್ಟರ್ನೇಟರಿನ ಆಂಪ್‌ಗಿಂತ ಸ್ವಲ್ಪ ಹೆಚ್ಚಿನ ಬೋಲ್ಟ್ ಫ್ಯೂಸ್ ಇರಲಿ.

ಈ ವಯರು ಡ್ಯಾಶಿನ 30 ಆಂಪ್ ಆಮೀಟರ್ ಮೂಲಕ ಹೋಗಕೂಡದು. ಅದರ ಹಿಂದಿನ ನಟ್ಟು ಸಡಿಲಾಗಿದ್ದರೆ ಡ್ಯಾಶ್‌ಬೋರ್ಡಿನಲ್ಲೇ ಬೆಂಕಿ. ಬದಲಿಗೆ ವೋಲ್ಟ್‌ಮೀಟರ್ ಹಾಕಿ.

ಚಾರ್ಜಿಂಗ್ ದೀಪ ಬರೀ ಸೂಚನೆಗಲ್ಲ, ಆಲ್ಟರ್ನೇಟರಿಗೆ ಮೊದಲ ಕರೆಂಟು ಹೋಗುವುದೇ ಅದರ ಮೂಲಕ. 2.2 ವ್ಯಾಟಿನ ಬಲ್ಬ್ ತೆಗೆದು ಎಲ್‌ಇಡಿ ಹಾಕಿದ ಕಾರುಗಳು ಎಂಜಿನ್ ಚಾಲೂ ಆದಾಗ ಚಾರ್ಜ್ ಮಾಡದೆ, ಆಕ್ಸಿಲರೇಟರ್ ಜೋರಾಗಿ ಒತ್ತಿದ ಮೇಲೆ ಎಚ್ಚರಗೊಳ್ಳುತ್ತವೆ. ಎಲ್‌ಇಡಿಯೇ ಬೇಕಿದ್ದರೆ ಅದಕ್ಕೆ ಸಮಾಂತರವಾಗಿ 68 ಓಂ, 5 ವ್ಯಾಟಿನ ರೆಸಿಸ್ಟರ್ ಹಾಕಿ.

ಹೊಸದೋ, ಗುಜರಿಯದ್ದೋ?

ಅಂಬಾಸಿಡರ್ ತಯಾರಿ 2014ರಲ್ಲೇ ನಿಂತರೂ ಲ್ಯೂಕಾಸ್ ಟಿವಿಎಸ್ ಆಲ್ಟರ್ನೇಟರುಗಳಿಗೆ ಕಾರ್ಬನ್ ಬ್ರಷ್, ಐಸಿ ರೆಗ್ಯುಲೇಟರ್, ಬೇರಿಂಗ್ ಆಟೋ ಇಲೆಕ್ಟ್ರಿಷಿಯನ್ನರ ಕೈಗೆ ಎಟಕುವಂಥವೇ. ಮಾರುತಿ 800ರದ್ದು ಸಣ್ಣದು, ಹಗುರ, ವಿ ಪುಲ್ಲಿಯದ್ದು; ಚಿಕ್ಕ ಎಂಜಿನ್‌ಗೆ ಒಪ್ಪುತ್ತದೆ, ಬ್ರಾಕೆಟ್ ಮಾತ್ರ ಮಾಡಿಸಬೇಕು.

ಗುಜರಿಯಿಂದ ತರುವುದಾದರೆ ಮೊದಲು ಕೈಯಿಂದ ತಿರುಗಿಸಿ. ಮರಳು ಅರೆದಂತೆ ಸದ್ದು ಬಂದರೆ ಬೇರಿಂಗಿನೊಳಗೆ ತುಕ್ಕು. 6303, 6201 ಎಂಬಂಥ ನಂಬರ್ ಬೇರಿಂಗಿನ ಮೇಲೇ ಇರುತ್ತದೆ, ರಬ್ಬರ್ ಸೀಲ್ ಇರುವುದನ್ನೇ ಹಾಕಿಸಿ. ಒಳಗೆ ತಿರುಗುವ ರೋಟರಿನ ಎರಡು ತಾಮ್ರದ ಬಳೆಗಳ ನಡುವೆ ಅಳೆದಾಗ ಸುಮಾರು 2.5ರಿಂದ 4.5 ಓಂ ಬರಬೇಕು, ಬಳೆಗೂ ರೋಟರಿನ ದಂಡಕ್ಕೂ ಸಂಪರ್ಕ ಇರಲೇಬಾರದು. ಕಾರ್ಬನ್ 5 ಮಿ.ಮೀ.ಗಿಂತ ಗಿಡ್ಡವಾಗಿದ್ದರೆ ಬದಲಿಸಿ. ಬಾಡಿ ಮೇಲೆ ಬಿಳಿ ಪುಡಿ ಕಂಡರೆ ಹೆದರಬೇಡಿ, ಅಲ್ಯೂಮಿನಿಯಂ ಮೇಲೆ ಉಪ್ಪುಗಾಳಿಯ ಗುರುತು ಅಷ್ಟೇ. ಒಳಗಿನ ತಾಮ್ರದ ಸುರುಳಿಯ ವಾರ್ನಿಷ್ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಮಾತ್ರ ಅಲ್ಲೇ ಬಿಟ್ಟು ಬನ್ನಿ.

ಕೂರಿಸಿದ ಮೇಲೆ

ಮೂರು ಪುಲ್ಲಿಗಳ ಮುಖಕ್ಕೆ ನೇರ ಪಟ್ಟಿ ಹಿಡಿದು ಸಾಲು ನೋಡಿ. ಬೆಲ್ಟಿನ ಉದ್ದದ ಭಾಗವನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದಾಗ 10ರಿಂದ 12 ಮಿ.ಮೀ. ತಗ್ಗಬೇಕು. ಅತಿ ಬಿಗಿದರೆ ಮೊದಲು ಸಾಯುವುದು ವಾಟರ್ ಪಂಪಿನ ಬೇರಿಂಗ್. ಹೊಸ ಬೆಲ್ಟ್ ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಸಡಿಲಾಗುತ್ತದೆ, ಮತ್ತೊಮ್ಮೆ ಬಿಗಿಯಿರಿ. ಎಂಜಿನ್ ಓಡುವಾಗ ಬ್ಯಾಟರಿ ಕಳಚಿ ಚಾರ್ಜಿಂಗ್ ನೋಡುವ ಹಳೆ ರೂಢಿ ಡೈನಮೋ ಕಾಲದ್ದು. ಆಲ್ಟರ್ನೇಟರಿನಲ್ಲಿ ಹಾಗೆ ಮಾಡಿದರೆ ವೋಲ್ಟೇಜ್ ಒಮ್ಮೆಲೇ ಜಿಗಿದು ಐಸಿ, ಡಯೋಡ್ ಎರಡನ್ನೂ ತೆಗೆಯುತ್ತದೆ. ಕಾರಿನ ಬಾಡಿಗೆ ವೆಲ್ಡಿಂಗ್ ಮಾಡಿಸುವ ದಿನ ಬ್ಯಾಟರಿಯನ್ನೂ ಆಲ್ಟರ್ನೇಟರಿನ ವಯರನ್ನೂ ಕಳಚಿಡಿ.

ಲಗ್‌ಗಳನ್ನು ಕ್ರಿಂಪ್ ಮಾಡಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಏರಿಸಿ, ಬಿಗಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಮಂಗಳೂರಿನ ಕೊಟ್ಟಾರ ಚೌಕಿಯಂಥ ಕಡೆ ನಿಂತ ನೀರಿನಲ್ಲಿ ಹಾದು ಬಂದಿದ್ದರೆ ಅದೇ ದಿನ ಸಿಹಿನೀರು ಚಿಮುಕಿಸಿ ಕೆಸರು ತೊಳೆದು, ಅರ್ಧ ಗಂಟೆ ಎಂಜಿನ್ ಓಡಿಸಿ ಒಣಗಿಸಿ. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, 0.3 ಮತ್ತು 0.2 ವೋಲ್ಟಿನ ಆ ಎರಡು ಪರೀಕ್ಷೆಗಳನ್ನು ಮತ್ತೆ ಮಾಡಿ, ಬಂದ ಸಂಖ್ಯೆಯನ್ನು ಬಾನೆಟ್ ಒಳಗೆ ಚೀಟಿ ಅಂಟಿಸಿ ಬರೆದಿಡಿ.