ಮಳೆಗಾಲಕ್ಕೆ ಮುಂಚೆ ಸಿ.ಡಿ. ಬಾಕ್ಸ್ ಸೆಟ್: ರಿಪ್ ಮಾಡಿ ಮುಚ್ಚಿಡುವ ಕ್ರಮ

ಗ್ರೋವರ್ ವಾಷಿಂಗ್ಟನ್ ಜೂನಿಯರ್ ಅವರಂಥ ಸ್ಮೂತ್ ಜಾಝ್ ಸ್ಯಾಕ್ಸೊಫೋನ್ ವಾದಕರ ಹಳೆಯ ಮುದ್ರಣಗಳ ಬಾಕ್ಸ್ ಸೆಟ್ ಕಾರವಾರ, ಕುಮಟಾ ಕಡೆಯ ಮನೆಯಲ್ಲಿದ್ದರೆ ಮೊದಲು ಕೆಡುವುದು ಡಿಸ್ಕ್ ಅಲ್ಲ, ರಟ್ಟು ಮತ್ತು ಪುಸ್ತಿಕೆ. ನುಣುಪು ಕಾಗದದ ಹಾಳೆಗಳು ಥಂಡಿಗೆ ಒಂದಕ್ಕೊಂದು ಅಂಟಿದರೆ ಬಿಡಿಸುವಾಗ ಅಕ್ಷರವೇ ಕಿತ್ತು ಬರುತ್ತದೆ. ಹಾಗಾಗಿ ಇಲ್ಲಿ ಹೇಳುವ ಕೆಲಸವನ್ನೆಲ್ಲ ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ, ಗಾಳಿ ಒಣಗಿರುವಾಗ ಮುಗಿಸಿ.

ಕೊಳ್ಳುವಾಗ ಹಾಡುಗಳ ಅವಧಿ ನೋಡಿ. ‘ಜಸ್ಟ್ ದ ಟೂ ಆಫ್ ಅಸ್’ 1980ರ ‘ವೈನ್‌ಲೈಟ್’ ಆಲ್ಬಮ್‌ನಲ್ಲಿ 7 ನಿಮಿಷ ದಾಟುತ್ತದೆ. ಸಿಂಗಲ್‌ಗೆ ಕತ್ತರಿಸಿದ್ದು 4 ನಿಮಿಷದೊಳಗೆ ಮುಗಿಯುತ್ತದೆ. ಪಟ್ಟಿಯಲ್ಲಿ ಚಿಕ್ಕದೇ ಇದ್ದರೆ ಅದು ಹಿಟ್ ಹಾಡುಗಳ ಕಟ್ಟು, ಪೂರ್ಣ ಆಲ್ಬಮ್‌ಗಳದ್ದಲ್ಲ. 1970ರ ದಶಕದಲ್ಲಿ ಅವರು ಕುಡು ಲೇಬಲ್‌ನಲ್ಲಿದ್ದರು, ‘ವೈನ್‌ಲೈಟ್’ ಎಲೆಕ್ಟ್ರಾದ್ದು. ಹಕ್ಕುಗಳು ಹೀಗೆ ಹಂಚಿಹೋದಾಗ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಸಿಗುವುದು ಅಪರೂಪ.

ರಿಪ್ ಮಾಡಲು, ಅಂದರೆ ಡಿಸ್ಕಿನ ಹಾಡುಗಳನ್ನು ಕಂಪ್ಯೂಟರಿಗೆ ಫೈಲ್‌ಗಳಾಗಿ ಇಳಿಸಲು, ಎಕ್ಸಾಕ್ಟ್ ಆಡಿಯೊ ಕಾಪಿ ಎಂಬ ತಂತ್ರಾಂಶ ಸಾಕು. ಮತ್ತೆ ಮತ್ತೆ ಓದಿ ತಾಳೆ ನೋಡುವ ಸೆಕ್ಯೂರ್ ಮೋಡ್, ಗುಣಮಟ್ಟ ಕಳೆಯದೆ ಕುಗ್ಗಿಸುವ ಫ್ಲ್ಯಾಕ್ ಫೈಲ್ ಬಗೆ ಆರಿಸಿ. ಧ್ವನಿಯ ಮಟ್ಟ ಬದಲಿಸುವ ನಾರ್ಮಲೈಸ್ ಆಯ್ಕೆ ಬೇಡ. ಇತರರ ರಿಪ್‌ಗಳೊಂದಿಗೆ ತಾಳೆ ನೋಡುವ ಆನ್‌ಲೈನ್ ಪಟ್ಟಿ ಆಕ್ಯುರೇಟ್‌ರಿಪ್‌ನಲ್ಲಿ ನಿಮ್ಮ ಮುದ್ರಣ ಸಿಗದಿದ್ದರೆ ‘ಟೆಸ್ಟ್ ಅಂಡ್ ಕಾಪಿ’ ಕೊಡಿ: ಎರಡು ಓದಿನ ಸಿ.ಆರ್.ಸಿ. (ತಾಳೆ ನೋಡುವ ಸಂಖ್ಯೆ) ಒಂದೇ ಆದರೆ ನಂಬಬಹುದು. ಒಂದು ಗಂಟೆಯ ಡಿಸ್ಕ್‌ಗೆ 300ರಿಂದ 400 ಎಂ.ಬಿ. ಲೆಕ್ಕ ಇಟ್ಟುಕೊಳ್ಳಿ. ಯು.ಎಸ್.ಬಿ. ಸಿ.ಡಿ. ಡ್ರೈವ್ ನಡುವೆ ನಿಂತುಹೋದರೆ ಡಿಸ್ಕನ್ನು ಬೈಯುವ ಮುಂಚೆ ಹಬ್ ತೆಗೆದು ಲ್ಯಾಪ್‌ಟಾಪ್‌ಗೆ ನೇರ ಚುಚ್ಚಿ. ಹೆಚ್ಚಿನ ಸಲ ಕೊರತೆ ಕರೆಂಟಿನದ್ದು. ಫೈಲಿನೊಳಗಿನ ವಿವರದಲ್ಲಿ (ಟ್ಯಾಗ್) ಡಿಸ್ಕ್ ಸಂಖ್ಯೆಯನ್ನೂ ಬಾಕ್ಸ್ ಬಂದ ವರ್ಷದ ಬದಲು ಮೂಲ ಆಲ್ಬಮ್‌ನ ವರ್ಷವನ್ನೂ ಹಾಕಿ. ಪುಸ್ತಿಕೆಯನ್ನು 300 ಡಿ.ಪಿ.ಐ.ನಲ್ಲಿ ಸ್ಕ್ಯಾನ್ ಮಾಡಿ. ಯಾವ ಹಾಡಿಗೆ ಯಾರು ನುಡಿಸಿದರು ಎಂಬುದು ಹೆಚ್ಚಾಗಿ ಅಲ್ಲಿ ಮಾತ್ರ ಇರುತ್ತದೆ.

ಡಿಸ್ಕ್ ಒರೆಸುವುದು ನಡುವಿನಿಂದ ಅಂಚಿಗೆ, ನೇರವಾಗಿ. ಸುತ್ತಿ ಒರೆಸಿದರೆ ಗೀರು ದಾಖಲೆಯ ಸಾಲಿನುದ್ದಕ್ಕೂ ಬೀಳುತ್ತದೆ, ದೋಷ ತಿದ್ದುವ ವ್ಯವಸ್ಥೆಗೆ ಅಷ್ಟುದ್ದದ ನಷ್ಟ ತುಂಬಲಾಗದು. ಹೆಸರು ಅಚ್ಚಾದ ಮುಖವೇ ಹೆಚ್ಚು ನಾಜೂಕು: ಕೆಳಗೆ 1 ಮಿ.ಮೀ. ಮೀರಿದ ಪಾಲಿಕಾರ್ಬೊನೇಟ್ ಇದೆ, ಮೇಲೆ ಅಲ್ಯೂಮಿನಿಯಂಗೆ ತೆಳು ಲ್ಯಾಕರ್ ಅಷ್ಟೇ. ಹಳೆಯ ಪೆಟ್ಟಿಗೆಗಳಲ್ಲಿ ಡಿಸ್ಕ್ ಮೇಲೆ ಸ್ಪಂಜಿನ ಹಾಳೆ ಇದ್ದರೆ ಎಸೆಯಿರಿ. ಅದು ಕರಗಿ ಲೇಬಲ್‌ಗೆ ಅಂಟುತ್ತದೆ.

ಇಡುವ ಜಾಗ ಪಡುವಣದ ಚಿರೆಕಲ್ಲು ಗೋಡೆಗೆ ತಾಗಿದ ಕಪಾಟು ಆಗಬಾರದು. ರಬ್ಬರ್ ಅಂಚಿನ 20 ಲೀಟರ್ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಬಟ್ಟೆ ಚೀಲಕ್ಕೆ ತುಂಬಿದ 200 ಗ್ರಾಂ ತೇವ ಹೀರುವ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಮತ್ತು ತೇವಾಂಶ ಅಳೆಯುವ ಸಣ್ಣ ಹೈಗ್ರೋಮೀಟರ್ ಜೊತೆ ಇಡಿ. ಜುಲೈನಲ್ಲಿ ತುಂಬಿ ಮುಚ್ಚಿದರೆ ರಟ್ಟು ಕುಡಿದ ನೀರನ್ನೂ ಒಳಗೇ ಬಂಧಿಸಿದಂತೆ. ಎರಡೇ ದಿನದಲ್ಲಿ ಜೆಲ್ ಸೋಲುತ್ತದೆ. ಗುರಿ ಡಬ್ಬಿಯೊಳಗೆ 40ರಿಂದ 50 ಶೇಕಡಾ ತೇವಾಂಶ. ಇನ್ನೂ ಒಣಗಿಸಿದರೆ ರಟ್ಟು ಡೊಂಕಾಗುತ್ತದೆ.

ಅಗ್ಗದ ಹೈಗ್ರೋಮೀಟರನ್ನು ಪರೀಕ್ಷಿಸಿಯೇ ನಂಬಿ. ಬಾಟಲಿ ಮುಚ್ಚಳದಲ್ಲಿ ಉಪ್ಪಿಗೆ ಕೆಲವೇ ಹನಿ ನೀರು ಹಾಕಿ ಮುದ್ದೆಯಂತೆ ಮಾಡಿ, ಮೀಟರಿನೊಂದಿಗೆ ಜಿಪ್ ಚೀಲದಲ್ಲಿ ರಾತ್ರಿಯಿಡೀ ಇಟ್ಟರೆ 75 ತೋರಿಸಬೇಕು. ಇದಕ್ಕೆ ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನಗದ್ದೆಗಳ ಹರಳುಪ್ಪು ಬೇಡ, ಪ್ಯಾಕೆಟ್ ಉಪ್ಪೇ ಆಗಬೇಕು. ಗದ್ದೆ ಉಪ್ಪಿನ ಮೆಗ್ನೀಸಿಯಂ ಅಂಶ ಲೆಕ್ಕ ತಪ್ಪಿಸುತ್ತದೆ. ನುಸಿಗುಳಿಗೆಯನ್ನಂತೂ ಹಾಕಲೇಬೇಡಿ, ಅದರ ಆವಿಗೆ ಪಾಲಿಸ್ಟೈರೀನ್ ಕೇಸ್ ಮೆತ್ತಗಾಗುತ್ತದೆ.

ಜೆಲ್ ತೇವ ಕುಡಿದು ಹಸಿರಾದರೆ ಓವನ್‌ನಲ್ಲಿ 110ರಿಂದ 120 ಡಿಗ್ರಿಗೆ ಎರಡು ತಾಸು ಕಾಯಿಸಿ, ಮುಚ್ಚಿದ ಡಬ್ಬಿಯಲ್ಲೇ ಆರಿಸಿ. ಮಳೆಗಾಲದಲ್ಲಿ ತೆರೆದಿಟ್ಟು ಆರಿಸಿದರೆ ಮತ್ತೆ ಹೀರಿಕೊಳ್ಳಲು ಶುರು.