ಬಿಚ್ಚಿಟ್ಟಷ್ಟೂ ಜೋರಾಗಿ ಓಡಿದ ಗಾಡಿ

ಬಟ್ಟೆ ಹ್ಯಾಂಗರಿನ ತಂತಿ ನೆಟ್ಟಗೆ ಮಾಡಿ, ತುದಿ ಸ್ವಲ್ಪ ಬಗ್ಗಿಸಿ, ನಾನು ಕಟ್ಟುತ್ತಿದ್ದ ರೇಸ್ ಗಾಡಿಯ ಎಂಜಿನ್ ಬ್ಲಾಕಿನ ನೀರಿನ ತೂತಿನೊಳಗೆ ತೂರಿಸಿದೆ. ಕೆದಕಿದಾಗ ಮೊದಲು ತುಕ್ಕಿನ ಹಕ್ಕಳೆ ಉದುರಿತು. ಆಮೇಲೆ ಸಣ್ಣ ಕರಿ ಹರಳು. ಬೆರಳಲ್ಲಿ ಉಜ್ಜಿ ನೋಡಿದರೆ ಮರಳು. ಎರಕ ಹೊಯ್ಯುವಾಗ ಅಚ್ಚಿನಲ್ಲಿದ್ದ ಮರಳು! 1947ರ ಬ್ಲಾಕ್ ಅದು. ಇಷ್ಟು ವರ್ಷ ನೀರು ಹರಿಯುವ ದಾರಿಯಲ್ಲೇ ಕೂತಿತ್ತು. ಈ ಎಂಜಿನ್‌ಗಳಲ್ಲಿ ಇದು ಮಾಮೂಲು ಅಂತ ಆಮೇಲೆ ಗೊತ್ತಾಯಿತು. ನಾಲ್ಕು ಸಂಜೆ ಕೆದಕಿದೆ. ಮಗಳು ಅದನ್ನೆಲ್ಲ ಒಂದು ಮೊಸರಿನ ಡಬ್ಬಿಗೆ ತುಂಬಿದಳು. ಮುಕ್ಕಾಲು ಡಬ್ಬಿ ಆಯಿತು.

"ರೀ, ಅದನ್ನ ಸಿಂಕಿಗೆ ಮಾತ್ರ ಸುರೀಬೇಡಿ" ಅಂದಳು ನಮ್ಮನೆಯವಳು.

ನಾನು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿದ್ದೇನೆ. ಹೊಟ್ಟೆಪಾಡಿಗೆ ಚಿಪ್ ಟೆಸ್ಟಿಂಗ್ ಕೆಲಸ. ಹುಟ್ಟಿ ಬೆಳೆದದ್ದು ಅರಸೀಕೆರೆಯಲ್ಲಿ, ಅಪ್ಪನ ಗ್ಯಾರೇಜಿನ ಗ್ರೀಸ್ ವಾಸನೆ ನಡುವೆ. ನಾವು ಶನಿವಾರ ಸಾಮಾನು ತರೋಕೆ ಹೋಗುವ ಕಡೆಯಲ್ಲೇ ಒಂದು ಕಾಲಕ್ಕೆ ಡ್ರ್ಯಾಗ್ ಸ್ಟ್ರಿಪ್, ಅಂದರೆ ಡ್ರ್ಯಾಗ್ ರೇಸಿನ ಪಟ್ಟಿ, ಇತ್ತು ಅಂತ ನನಗೆ ಹತ್ತು ವರ್ಷ ಗೊತ್ತೇ ಇರಲಿಲ್ಲ. 1959ರಲ್ಲಿ ಶುರುವಾಗಿ 1988ರಲ್ಲಿ ಮುಚ್ಚಿತಂತೆ. ಹೇಳಿದ್ದು ಎದುರು ಮನೆ ಅಜ್ಜ. ಎಂಬತ್ತರ ಹತ್ತಿರ ವಯಸ್ಸು. ಹುಡುಗನಾಗಿದ್ದಾಗ ಅಲ್ಲಿ ಬೇರೆಯವರ ಗಾಡಿಗೆ ಸ್ಪ್ಯಾನರ್ ಹಿಡಿದವರು. ಅವರ ಗ್ಯಾರೇಜಿನ ಗೋಡೆಗೆ ಒರಗಿಸಿಟ್ಟಿದ್ದ ಒಂದು ಹಳೇ ಚಾಸಿಯಿಂದ, ಅಂದರೆ ಗಾಡಿಯ ಚೌಕಟ್ಟಿನಿಂದ, ಹಳೇ ಕಾಲದ ಡ್ರ್ಯಾಗ್ ರೇಸ್ ಗಾಡಿ ಕಟ್ಟುವ ನನ್ನ ಈ ಹುಚ್ಚು ಶುರುವಾಯಿತು.

ಡ್ರ್ಯಾಗ್ ರೇಸ್ ಅಂದರೆ ಇಷ್ಟೇ. ಎರಡು ಗಾಡಿ, ನೇರ ದಾರಿ, ಕಾಲು ಮೈಲಿ. ನಮ್ಮ ಲೆಕ್ಕದಲ್ಲಿ 402 ಮೀಟರ್. ನಿಂತಲ್ಲಿಂದ ಹೊರಡಬೇಕು, ಮೊದಲು ಮುಟ್ಟಬೇಕು. ತಿರುವಿಲ್ಲ, ಎರಡನೇ ಸುತ್ತಿಲ್ಲ. ಇದನ್ನು ತಲೆಗೆ ಸರಿಯಾಗಿ ಹಾಕಿಕೊಂಡಿದ್ದರೆ ನನಗೆ ಒಂದೂವರೆ ವರ್ಷ ಉಳಿಯುತ್ತಿತ್ತು.

ಮಹಾಯುದ್ಧ ಮುಗಿಸಿ ಮನೆಗೆ ಬಂದ ಹುಡುಗರ ಕೈಯಲ್ಲಿ ಅಗ್ಗಕ್ಕೆ ಸಿಕ್ಕ ಹಳೇ ಫೋರ್ಡ್ ಗಾಡಿಗಳಿದ್ದವು. ಎಲ್ ಮಿರಾಜ್ ಅನ್ನುವ ಒಣಗಿದ ಕೆರೆಯ ಮೇಲೆ ಓಡಿಸುತ್ತಿದ್ದರು. ಬೀದಿಯಲ್ಲೂ ಓಡಿಸಿ ಪೊಲೀಸರ ಕೈಗೆ ಸಿಕ್ಕಿಬೀಳುತ್ತಿದ್ದರು. 1950ರಲ್ಲಿ ಸಿ.ಜೆ. ಹಾರ್ಟ್, ಎಲ್ಲರ ಬಾಯಲ್ಲಿ 'ಪ್ಯಾಪಿ' ಹಾರ್ಟ್, ಸಾಂತಾ ಆನಾ ವಿಮಾನ ನಿಲ್ದಾಣದ ಒಂದು ರನ್‌ವೇ ಹಿಡಿದು ಭಾನುವಾರದ ರೇಸ್ ಶುರು ಮಾಡಿದರು. ಒಳಗೆ ಬರೋಕೆ 50 ಸೆಂಟ್. ಮುಂದಿನ ವರ್ಷ 'ಹಾಟ್ ರಾಡ್' ಪತ್ರಿಕೆಯ ಸಂಪಾದಕರಾಗಿದ್ದ ವಾಲಿ ಪಾರ್ಕ್ಸ್ ಎನ್‌ಎಚ್‌ಆರ್‌ಎ ಅನ್ನುವ ರೇಸಿನವರ ಸಂಘ ಕಟ್ಟಿದರು. 1953ರಲ್ಲಿ ಪೊಮೋನಾದ ಜಾತ್ರೆ ಮೈದಾನದ ಪಾರ್ಕಿಂಗ್ ಜಾಗದಲ್ಲಿ ಅವರ ಮೊದಲ ಅಧಿಕೃತ ರೇಸ್ ಆಯಿತು. ಯುದ್ಧದ ಕಾಲದ ರನ್‌ವೇ ಸಿಕ್ಕಿದ ಕಡೆಯೆಲ್ಲ ರೇಸ್ ಹುಟ್ಟಿತು. ನಮ್ಮಲ್ಲೂ ಅದೇ ಅಲ್ವಾ? ಮದ್ರಾಸ್ ಹತ್ತಿರದ ಶೋಲಾವರಂ ಕೂಡ ಯುದ್ಧಕಾಲದ ವಿಮಾನ ಪಟ್ಟಿಯೇ.

ಸಾಂತಾ ಆನಾದಲ್ಲಿ ಡಿಕ್ ಕ್ರಾಫ್ಟ್ ಅನ್ನುವವರು ಓಡಿಸಿದ 'ದಿ ಬಗ್' ಫೋಟೋ ಅಜ್ಜನ ಹತ್ತಿರ ಇತ್ತು. ನೋಡಿದಾಗ ನನಗೆ ನಗು ಬಂತು. ಬಾಡಿ ಇಲ್ಲ, ಬಾನೆಟ್ ಇಲ್ಲ. ಎರಡು ಕಂಬಿ, ನಾಲ್ಕು ಚಕ್ರ, ಒಂದು ಎಂಜಿನ್, ಹೆಸರಿಗೊಂದು ಸೀಟು. ರೈಲು ಕಂಬಿ ತರಹ ಚಾಸಿ ಎದ್ದು ಕಾಣುವುದಕ್ಕೇ ಇಂಥ ಗಾಡಿಗೆ 'ರೈಲ್' ಅಂತ ಹೆಸರು ಬಿತ್ತು. ದುಡ್ಡಿಲ್ಲದೆ ಹೀಗೆ ಮಾಡಿದ್ದಾರೆ ಅಂದುಕೊಂಡೆ. ಅದು ಅರ್ಧ ಮಾತ್ರ ನಿಜ.

ಮೊದಲು ಎಂಜಿನ್ ವಿಷಯ. ನನಗೆ ಬೇಕಾಗಿದ್ದು ಫೋರ್ಡ್ ಫ್ಲಾಟ್‌ಹೆಡ್ ವಿ-8. 1932ರಲ್ಲಿ ಬಂದದ್ದು. ಈಗಿನ ಎಂಜಿನ್‌ಗಳಲ್ಲಿ ಗಾಳಿ ಒಳಗೆ, ಹೊಗೆ ಹೊರಗೆ ಬಿಡುವ ವಾಲ್ವ್ ಮೇಲೆ ಹೆಡ್ಡಿನಲ್ಲಿರುತ್ತದೆ. ಇದರಲ್ಲಿ ಕೆಳಗೆ ಬ್ಲಾಕಿನಲ್ಲೇ, ಸಿಲಿಂಡರ್ ಪಕ್ಕ. ಹೆಡ್ಡು ಅಂದರೆ ಒಂದು ಚಪ್ಪಟೆ ಮುಚ್ಚಳ ಅಷ್ಟೇ. ಕಷ್ಟ ಏನಪ್ಪಾ ಅಂದರೆ, ಸುಟ್ಟ ಹೊಗೆ ಹೊರಗೆ ಹೋಗೋಕೆ ಬ್ಲಾಕಿನ ಹೊಟ್ಟೆಯನ್ನೇ ಹಾದು ಹೋಗಬೇಕು. ಒಂದೊಂದು ಕಡೆ ನಾಲ್ಕು ಸಿಲಿಂಡರ್, ಆದರೆ ಹೊಗೆಗೆ ಮೂರೇ ಬಾಗಿಲು. ನಡುವಿನ ಎರಡು ಸಿಲಿಂಡರಿಗೆ ಸೇರಿ ಒಂದು. ನೀರು ಕುದಿಯದೆ ಇನ್ನೇನು ಮಾಡುತ್ತೆ? ಕುದ್ದೂ ಕುದ್ದೂ ವಾಲ್ವ್ ಕೂರುವ ಜಾಗಕ್ಕೂ ಸಿಲಿಂಡರಿಗೂ ನಡುವೆ ಬ್ಲಾಕ್ ಬಿರುಕು ಬಿಡುತ್ತದೆ.

ಮೊದಲು ಕೊಂಡ ಎಂಜಿನ್‌ನಲ್ಲಿ ನಾನು ಸರಿಯಾಗಿ ಟೋಪಿ ಹಾಕಿಸಿಕೊಂಡೆ. ಮಾರಿದವನು "ಈಗಷ್ಟೇ ರೀಬಿಲ್ಟ್ ಆಗಿದೆ" ಅಂದ. ಹೊಳೆಯುವ ಪೇಂಟ್ ನೋಡಿ ನಂಬಿದೆ. ಅಪ್ಪನಿಗೆ ಫೋನ್ ಮಾಡಿದಾಗ ಅವರ ಮೊದಲ ಮಾತು, "ಪೇಂಟ್ ಯಾಕೋ ಹೊಡ್ದಿದಾನೆ? ಬ್ಲಾಕ್ ಚೆಕ್ ಮಾಡ್ಸಿದ್ಯಾ?" ಮಾಡಿಸಿರಲಿಲ್ಲ. ಮಾರನೇ ವಾರ ಮಷಿನ್ ಶಾಪಿಗೆ ಒಯ್ದೆ. ಬ್ಲಾಕಿಗೆ ದೊಡ್ಡ ಮ್ಯಾಗ್ನೆಟ್ ಹಿಡಿದು ಕಬ್ಬಿಣದ ಸಣ್ಣ ಪುಡಿ ಉದುರಿಸಿ ಊದಿದರು. ಪುಡಿಯೆಲ್ಲ ಹಾರಿಹೋಯಿತು, ಎರಡು ಕಡೆ ಬಿಟ್ಟು. ಅಲ್ಲಿ ಕೂದಲಿನಷ್ಟು ಸಣ್ಣ ಗೆರೆ ಕಟ್ಟಿ ನಿಂತಿತ್ತು. ಒಂದು ಗೆರೆ ಎಕ್ಸಾಸ್ಟ್ ವಾಲ್ವಿನಿಂದ ನೇರ ಸಿಲಿಂಡರಿಗೆ. ಆ ಬ್ಲಾಕ್ ಈಗ ಗ್ಯಾರೇಜಿನ ಮೂಲೆಯಲ್ಲಿ ಕೂರೋಕೆ ಸ್ಟೂಲ್ ಆಗಿದೆ. ಮರಳು ಕೆದಕಿದ್ದು ಎರಡನೇ ಬ್ಲಾಕಿನಲ್ಲಿ. ಅದನ್ನು ಪುಡಿ ಹಾಕಿ ನೋಡಿದ ಮೇಲೇ ದುಡ್ಡು ಕೊಟ್ಟೆ.

ಸಿಲಿಂಡರ್ ರೀಬೋರ್ ಮಾಡಿಸಿ, ಅಂದರೆ ಕೊರೆಸಿ ಅಗಲ ಮಾಡಿಸಿ, ಮರ್ಕ್ಯುರಿ ಕಾರಿನ ಕ್ರ್ಯಾಂಕ್ ಕೂರಿಸಿದೆ. ಪಿಸ್ಟನ್ನಿನ ಏರಿಳಿತವನ್ನು ಸುತ್ತಾಗಿಸುವುದು ಅದೇ, ಇದರ ಏರಿಳಿತ (ಸ್ಟ್ರೋಕ್) 4 ಇಂಚು. ಒಟ್ಟು 276 ಘನ ಇಂಚು, ಸುಮಾರು ನಾಲ್ಕೂವರೆ ಲೀಟರ್. ಹಳೇ ಕಾಲದ ರೇಸಿನವರಿಗೆ ಈ ಅಳತೆ ಬಾಯಿಪಾಠ. ಮೇಲೆ ಮೂರು ಸ್ಟ್ರಾಂಬರ್ಗ್ 97 ಕಾರ್ಬೊರೇಟರ್. 97 ಅಂದರೆ ಅದರ ಗಂಟಲಿನ ಅಳತೆ, 0.97 ಇಂಚು. ಮೂರನ್ನೂ ಒಂದೇ ತಾಳಕ್ಕೆ ತರೋಕೆ ಒಂದು ಭಾನುವಾರ ಪೂರ್ತಿ ಹೋಯಿತು.

ಹೆಡ್ಡು ಕೂರಿಸುವುದು ಮಾತ್ರ ಬಹಳ ನಾಜೂಕಿನ ಕೆಲಸ. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಒತ್ತುವುದನ್ನು, ಜಾಸ್ತಿ ಮಾಡೋಣ ಅಂತ ಹೆಡ್ಡು ಕೆಳಗಿಳಿಸಿದರೆ, ವಾಲ್ವಿನಿಂದ ಸಿಲಿಂಡರಿಗೆ ಗಾಳಿ ದಾಟುವ ಸಂದಿಯೇ ಕಿರಿದಾಗುತ್ತದೆ. ಒಂದು ಕಡೆ ಗಳಿಸಿದ್ದು ಇನ್ನೊಂದು ಕಡೆ ಹೋಯಿತು. ಎಲ್ಲಿ ನಿಲ್ಲಿಸಬೇಕು ಅಂತ ನೋಡೋಕೆ ಅಜ್ಜ ಕಲಿಸಿದ ಉಪಾಯ ಜೇಡಿಮಣ್ಣು. ಮಗಳ ಆಟದ ಹಸಿರು ಮಣ್ಣನ್ನು ಚಪಾತಿ ತರಹ ತಟ್ಟಿ ಪಿಸ್ಟನ್ ಮೇಲೆ, ವಾಲ್ವ್ ಮೇಲೆ ಇಟ್ಟೆ. ಅಂಟದಿರಲಿ ಅಂತ ಮೇಲೊಂದು ಹನಿ ಎಣ್ಣೆ. ಹಳೇ ಗ್ಯಾಸ್ಕೆಟ್ ಹಾಕಿ ಹೆಡ್ಡು ಬಿಗಿದು, ಕ್ರ್ಯಾಂಕನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ, ಮತ್ತೆ ಬಿಚ್ಚಿದೆ. ಮಣ್ಣು ಅಪ್ಪಚ್ಚಿಯಾಗಿ ಕೂತಿತ್ತು. ಬ್ಲೇಡಿನಲ್ಲಿ ಕತ್ತರಿಸಿ ದಪ್ಪ ಅಳೆದೆ. ಪಿಸ್ಟನ್ ಮೇಲೆ 50 ಥೌ ಬೇಕಿತ್ತು, ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ. ಏಳು ಕಡೆ ಸರಿ ಇತ್ತು. ಎಂಟನೆಯದರಲ್ಲಿ 38. ಆ ಒಂದು ಜಾಗ ಉಜ್ಜಿ, ಮತ್ತೆ ಮಣ್ಣು, ಮತ್ತೆ ಬಿಗಿ, ಮತ್ತೆ ಬಿಚ್ಚು. ಮಗಳಿಗೆ ಹೊಸ ಮಣ್ಣಿನ ಡಬ್ಬಿ ಕೊಡಿಸಬೇಕಾಯಿತು.

ಇಷ್ಟರವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ನನ್ನೊಳಗಿನ ಎಂಜಿನಿಯರ್ ಎದ್ದು ಕೂತ. ಈ ಎಂಜಿನ್ ಕಾಯುತ್ತದೆ ಅಂತ ಓದಿದ್ದೆನಲ್ಲ, ದೊಡ್ಡ ರೇಡಿಯೇಟರ್ ಹಾಕಿದೆ, ಎಲೆಕ್ಟ್ರಿಕ್ ಫ್ಯಾನ್ ಸಮೇತ. ಫ್ಯಾನಿಗೆ ಕರೆಂಟ್ ಬೇಕು, ಆಲ್ಟರ್ನೇಟರ್ ಬಂತು. ಬ್ಯಾಟರಿ ಹೇಗೂ ಬಂತಲ್ಲ, ಸೆಲ್ಫ್ ಸ್ಟಾರ್ಟರ್ ಇರಲಿ ಅಂತ ಅದೂ ಬಂತು. ಮುಂದಿನ ಚಕ್ರಕ್ಕೂ ಬ್ರೇಕ್ ಹಾಕಿದೆ. ಅಜ್ಜ ದಿನಾ ಸಂಜೆ ಬಂದು, ಸ್ಟೂಲ್ ಮೇಲೆ ಕೂತು, ಕಾಫಿ ಕುಡಿದು ಹೋಗುತ್ತಿದ್ದರು. ಒಂದು ಮಾತೂ ಆಡಲಿಲ್ಲ. ಮುಸಿಮುಸಿ ನಗುತ್ತಿದ್ದರು ಅಷ್ಟೇ.

ಮೊದಲ ಸಲ ಓಡಿಸಿದ್ದು ಬೇಕರ್ಸ್‌ಫೀಲ್ಡ್ ಹತ್ತಿರದ ಫಮೋಸೊದಲ್ಲಿ. ಅದೂ ಯುದ್ಧಕಾಲದ ವಿಮಾನ ಪಟ್ಟಿ. 1959ರ ಮಾರ್ಚ್‌ನಲ್ಲಿ ಅಲ್ಲಿ ನಡೆದ ದೊಡ್ಡ ರೇಸಿಗೆ ಫ್ಲೋರಿಡಾದಿಂದ ರೇಸರ್ ಡಾನ್ ಗಾರ್ಲಿಟ್ಸ್ ಗಾಡಿ ಎಳೆದುಕೊಂಡು ಬಂದಿದ್ದರು. ಗೆದ್ದದ್ದು ಮಾತ್ರ ಕ್ಯಾಲಿಫೋರ್ನಿಯಾದ ಆರ್ಟ್ ಕ್ರಿಸ್ಮನ್. ಆ ಹೆಸರುಗಳೆಲ್ಲ ತಲೆಯಲ್ಲಿ ತುಂಬಿಕೊಂಡು ಗೆರೆಗೆ ಬಂದು ನಿಂತೆ. ದೀಪ ಹಸಿರಾಯಿತು, ಕ್ಲಚ್ ಬಿಟ್ಟೆ. ಹಿಂದಿನ ಎರಡೂ ಟೈರ್ ನಿಂತಲ್ಲೇ ಗಿರಗಿರ ತಿರುಗಿದವು. ಹೊಗೆ ಬಂತು, ಗಾಡಿ ಹೋಗಲಿಲ್ಲ. ಪಕ್ಕದವನು ಅರ್ಧ ದಾರಿ ಮುಟ್ಟಿದ್ದ. ರೇಸಿನವರು ಕೊಟ್ಟ ಸಮಯದ ಚೀಟಿಯಲ್ಲಿ 14.6 ಸೆಕೆಂಡ್. ನಮ್ಮ ಮನೆಯ ವ್ಯಾನ್ ಇದಕ್ಕೆ ಸರಿಸಮ ಇರಬಹುದು.

ವಾಪಸ್ ಬಂದು ನಾಲ್ಕು ಚಕ್ರದ ಕೆಳಗೂ ತೂಕದ ಯಂತ್ರ ಇಟ್ಟು ನೋಡಿದೆ. ಹಿಂದಿನ ಚಕ್ರದ ಮೇಲೆ ಒಟ್ಟು ತೂಕದ ನೂರಕ್ಕೆ 55 ಮಾತ್ರ. ಆಗ ಅಜ್ಜ ಬಾಯಿ ಬಿಟ್ಟರು. "ಹದಿಮೂರು ಸೆಕೆಂಡಿನಲ್ಲಿ ನೀರು ಎಷ್ಟು ಕಾಯುತ್ತಪ್ಪಾ?"

ಇಂಗ್ಲಿಷಲ್ಲೇ ಕೇಳಿದ್ದು, ಆದರೆ ಧಾಟಿ ಥೇಟ್ ನಮ್ಮಪ್ಪನದೇ.

ಹೌದಲ್ಲ. ಕಾಲು ಮೈಲಿಗೆ ರೇಡಿಯೇಟರ್ ಯಾಕೆ? ಆಗಿನವರು ಬ್ಲಾಕಿಗೆ ಬರೀ ನೀರು ತುಂಬಿಸಿ ಓಡಿಸಿ, ಕೊನೆಯಲ್ಲಿ ಆಫ್ ಮಾಡುತ್ತಿದ್ದರು. ಈ ಎಂಜಿನ್‌ನ ದೊಡ್ಡ ರೋಗ ಈ ರೇಸಿನಲ್ಲಿ ರೋಗವೇ ಅಲ್ಲ. ರೇಡಿಯೇಟರ್ ಹೋದರೆ ಫ್ಯಾನ್ ಬೇಡ. ಫ್ಯಾನ್ ಹೋದರೆ ಆಲ್ಟರ್ನೇಟರ್ ಬೇಡ. ಸ್ಟಾರ್ಟರ್ ಬದಲು ಹಿಂದಿನಿಂದ ತಳ್ಳಿದರೆ ಆಯಿತು. ಮುಂದಿನ ಬ್ರೇಕ್ ಕೂಡ ಅವರಿಗೆ ಸುಮ್ನೆ ಭಾರ, ಹಿಂದಿನದೇ ಸಾಕು. ಒಂದು ವಾರ ಬರೀ ಬಿಚ್ಚಿದೆ. ಬಿಚ್ಚಿದ್ದೆಲ್ಲ ಒಂದು ಮೂಲೆಗೆ ಹಾಕಿದರೆ ಸಣ್ಣ ಗುಜರಿ ಅಂಗಡಿ.

ಆಮೇಲೆ ಸೀಟು. ನಾನು ಸೀಟನ್ನು ಹಿಂದಿನ ಆಕ್ಸಲ್‌ಗಿಂತ ಮುಂದೆ ಇಟ್ಟಿದ್ದೆ. 1950ರ ದಶಕದ ನಡುವೆ ಮಿಕ್ಕಿ ಥಾಂಪ್ಸನ್ ಅನ್ನುವ ರೇಸರ್ ಡ್ರೈವರನ್ನು ಆಕ್ಸಲ್ ಹಿಂದೆ ಕೂರಿಸಿದರು. ಎಂಜಿನ್ನೂ ಹಿಂದೆ ಸರಿಯಿತು. ತೂಕವೆಲ್ಲ ಹಿಂದಿನ ಟೈರ್ ಮೇಲೆ ಬಿದ್ದು ಹಿಡಿತ ಸಿಕ್ಕಿತು. ಕವಣೆಯಲ್ಲಿ ಕಲ್ಲು ಕೂರುವ ಹಾಗೆ ಡ್ರೈವರ್ ಹಿಂದೆ ಕೂತಿರುವುದರಿಂದ 'ಸ್ಲಿಂಗ್‌ಶಾಟ್' ಅಂತ ಹೆಸರು. ನಾನೂ ಹಾಗೇ ಮಾಡಿದೆ. ಇದರ ಅಪಾಯವೂ ಸಣ್ಣದಲ್ಲ. ಕಾಲುಗಳ ಎದುರಿಗೇ ಕ್ಲಚ್ಚು, ಗೇರ್‌ಬಾಕ್ಸು. 1970ರಲ್ಲಿ ಲಾಂಗ್ ಬೀಚ್ ಕಡೆಯ ಲಯನ್ಸ್ ಸ್ಟ್ರಿಪ್ಪಿನಲ್ಲಿ ಗಾರ್ಲಿಟ್ಸ್ ಅವರ ಗೇರ್‌ಬಾಕ್ಸ್ ಸಿಡಿದು ಬಲಗಾಲಿನ ಪಾದದ ಮುಂಭಾಗವೇ ಹೋಯಿತು. ಅವರು ಮುಂದಿನ ವರ್ಷ ಎಂಜಿನ್ನನ್ನೇ ಬೆನ್ನ ಹಿಂದೆ ಇಟ್ಟು ಗಾಡಿ ಕಟ್ಟಿ ಗೆದ್ದರು. ಕೆಲವೇ ವರ್ಷಗಳಲ್ಲಿ ಎಲ್ಲರೂ ಹಾಗೇ ಕಟ್ಟೋಕೆ ಶುರು ಮಾಡಿದರು.

ಹಾಗಾಗಿ ಒಂದು ವಿಷಯದಲ್ಲಿ ಮಾತ್ರ ನಾನು ಹಳೇ ಕಾಲದವರನ್ನು ಅನುಸರಿಸಲಿಲ್ಲ. ಕ್ಲಚ್ ಸುತ್ತ ದಪ್ಪ ಸ್ಟೀಲ್ ಕವಚ, ಹೊಸ ಸ್ಟೀಲ್ ಫ್ಲೈವೀಲ್, ತಲೆ ಮೇಲೆ ರೋಲ್ ಕೇಜ್, ಐದು ಕಡೆ ಬೆಲ್ಟ್, ಬೆಂಕಿ ತಡೆಯುವ ಬಟ್ಟೆ. ಇವುಗಳ ಭಾರ ಬೇಕಾದರೆ ಇರಲಿ. ಇದರ ಬಗ್ಗೆ ಅಜ್ಜನೂ ನಗಲಿಲ್ಲ.

ಎರಡನೇ ಸಲ ಹೋದಾಗ ಹಿಂದಿನ ಚಕ್ರದ ಮೇಲೆ ನೂರಕ್ಕೆ 66. ಸ್ಟಾರ್ಟರ್ ಇಲ್ಲ, ಹಾಗಾಗಿ ಅಜ್ಜ ತಮ್ಮ ಪಿಕಪ್ ತಂದು ನನ್ನ ಹಿಂದೆ ಒತ್ತಿದರು. ನಮ್ಮೂರಲ್ಲಿ ಬಸ್ಸು ತಳ್ಳಿ ಗೊತ್ತು. ಇದು ಹಾಗೇ, ಆದರೆ ಸ್ವಲ್ಪ ಶಿಸ್ತು ಬೇಕು. ಗೇರ್ ಹಾಕಿ, ಕ್ಲಚ್ ಒತ್ತಿ ಕೂರಬೇಕು. ವೇಗ ಗಂಟೆಗೆ 30 ಮೈಲಿ ದಾಟಿದ ಮೇಲೆ ಕ್ಲಚ್ ಬಿಡಬೇಕು. ಇಗ್ನಿಷನ್ ಆಗಲೇ ಹಾಕಬಾರದು. ಎಂಜಿನ್ ಸುಮ್ಮನೆ ತಿರುಗುತ್ತಿರುತ್ತದೆ, ಕಣ್ಣು ಆಯಿಲ್ ಗೇಜ್ ಮೇಲೆ. ಮುಳ್ಳು ಸೊನ್ನೆಯಲ್ಲಿ ನಡುಗಿತು, ಎದ್ದಿತು, 40 ದಾಟಿತು. ಆಗ ಸ್ವಿಚ್. ಎಂಟೂ ಸಿಲಿಂಡರ್ ಒಟ್ಟಿಗೆ ಎದ್ದವು. ಮುಂದೆ ಎಂಜಿನ್ ಇರುವುದರಿಂದ ಶಬ್ದ ಕಿವಿಗಲ್ಲ, ಎದೆಗೆ ಬರುತ್ತದೆ.

ಹಿಂದೆ ಗೆರೆಯ ಮೇಲೆ ಒಬ್ಬ ಬಾವುಟ ಹಿಡಿದು ನಿಲ್ಲುತ್ತಿದ್ದ. ಅವನ ಭುಜ ನೋಡಿಯೇ ಮೊದಲು ಹಾರುವ ಕಳ್ಳರಿದ್ದರಂತೆ. 1963ರಲ್ಲಿ ದೀಪದ ಕಂಬ ಬಂತು. ಹಳದಿ ದೀಪ ಇಳಿಯುತ್ತಾ ಬಂದು ಹಸಿರಾಗುತ್ತದೆ, ಕ್ರಿಸ್ಮಸ್ ಟ್ರೀ ಅಂತಾರೆ. ಈ ಸಲ ನಾನು ಸೆಕೆಂಡ್ ಗೇರಿನಲ್ಲೇ ಹೊರಟೆ. ಫಸ್ಟ್ ಗೇರ್ ಹಾಕಿದರೆ ಬದಲಾಯಿಸುವುದರಲ್ಲೇ ಹೊತ್ತು ಹೋಗುತ್ತದೆ. ಟೈರ್ ಒಂದು ಸಲ ಕಿರ್ ಅಂತು, ಆಮೇಲೆ ಕಚ್ಚಿಕೊಂಡಿತು. ಬೆನ್ನಿಗೆ ಯಾರೋ ಕಾಲಿಟ್ಟು ಒದ್ದ ಹಾಗಾಯಿತು. ಅರ್ಧ ದಾರಿಗಿಂತ ಮುಂಚೆ ಟಾಪ್ ಗೇರ್. ಆಮೇಲೆ ಮಾಡುವುದಕ್ಕೆ ಕೆಲಸವೇ ಇಲ್ಲ, ನೆಟ್ಟಗೆ ಹಿಡಿದು ಕೂರುವುದು ಅಷ್ಟೇ.

12.94 ಸೆಕೆಂಡ್. ಕೊನೆಯಲ್ಲಿ ಗಂಟೆಗೆ 104 ಮೈಲಿ. ಈಗಿನ ಕಾಲಕ್ಕೆ ಇದೇನೂ ಅಲ್ಲ, ಷೋರೂಮಿನಿಂದ ತಂದ ಎಲೆಕ್ಟ್ರಿಕ್ ಕಾರು ಎಸಿ ಹಾಕಿಕೊಂಡೇ ಸೋಲಿಸುತ್ತದೆ. ಬ್ಲಾಕ್ ಮುಟ್ಟಿ ನೋಡಿದೆ. ಬಿಸಿಯಿತ್ತು, ಕುದ್ದಿರಲಿಲ್ಲ.

ರಾತ್ರಿ ಅಪ್ಪನಿಗೆ ಚೀಟಿಯ ಫೋಟೋ ಕಳಿಸಿದೆ. ಅವರು ಸೆಕೆಂಡ್ ನೋಡಲೇ ಇಲ್ಲ. "ಕೊನೇಲಿ ಎಂಜಿನ್ ಎಷ್ಟು ಸುತ್ತು ತಿರುಗ್ತಿತ್ತೋ?" ಅಂತ ಕೇಳಿದರು. 5000 ಹತ್ತಿರ ಅಂದೆ. "ಕ್ರ್ಯಾಂಕಿಗೆ ಮೂರೇ ಬೇರಿಂಗ್ ಅಂದಿದ್ದೆ. ಹಲ್ಲಿನ ಲೆಕ್ಕ ಬದಲಾಯಿಸು, ಇಲ್ದಿದ್ರೆ ಕಿತ್ಕೊಂಡು ಬರುತ್ತೆ." ಲೆಕ್ಕ ಹಾಕಿದರೆ ಸರಿಯೇ. ಹಿಂದಿನ ಆಕ್ಸಲಿನಲ್ಲಿ ಈಗ ಗೇರ್ ಹಲ್ಲಿನ ಅನುಪಾತ 4.11 ಇದೆ, 3.78 ಹಾಕಿದರೆ ಅದೇ ವೇಗಕ್ಕೆ 4600 ಸುತ್ತು. ಹೊರಡುವಾಗ ಸ್ವಲ್ಪ ಮಂದ ಆಗಬಹುದು. ಆ ಗೇರಿನ ಪಾರ್ಸಲ್ ಮೊನ್ನೆ ಬಂತು. ಶನಿವಾರ ಆಕ್ಸಲ್ ಇಳಿಸಬೇಕು.