ಕೋವಿಡ್ ಐಸಿಯುನಲ್ಲಿ ದಿನಾ ಹೊಟ್ಟೆ ನೋಡಿದ್ದು: ನನ್ನ ಅನುಭವ

ಎಲ್ಲರೂ ಎದೆಯ ಸಿಟಿ ನೋಡಿಕೊಂಡು ಕೂತಿದ್ದ ಕಾಲದಲ್ಲಿ ನಾನು ಅಲ್ಟ್ರಾಸೌಂಡ್ ಇಟ್ಟು ಹೊಟ್ಟೆ ನೋಡುತ್ತೇನೆ ಅಂದೆ. ನಕ್ಕರು. ಐಸಿಯುನ ಹಿರಿಯರೊಬ್ಬರು ಮುಖಕ್ಕೇ ಹೇಳಿದರು, "ಅಲ್ರೀ ಡಾಕ್ಟ್ರೇ, ಆಕ್ಸಿಜನ್ನೇ ಏರ್ತಾ ಇಲ್ಲ ಇಲ್ಲಿ, ನೀವು ಪಿತ್ತಕೋಶ ಹುಡುಕ್ಕೊಂಡು ಬಂದಿದ್ದೀರಲ್ಲ." ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ, ಅದಕ್ಕೇ ಬರೆಯುತ್ತಿದ್ದೇನೆ. ಓದುವವರು ರೇಡಿಯಾಲಜಿಯವರೇ ಅಂದುಕೊಂಡಿದ್ದೇನೆ, ಹಾಗಾಗಿ ವೈರಸ್ಸು, ಎಸಿಇ-2, ರಕ್ತ ಯಾಕೆ ಹೆಪ್ಪುಗಟ್ಟುತ್ತದೆ, ಅದೆಲ್ಲ ಬಿಡುತ್ತೇನೆ.

ಇದು ಶುರುವಾಗಿದ್ದು ನಾನೇ ಮಾಡಿದ ಒಂದು ತಪ್ಪಿನಿಂದ. ವೆಂಟಿಲೇಟರ್ ಮೇಲೆ ಆರನೇ ದಿನ, ಐವತ್ತು ದಾಟಿದ ಗಂಡಸು. ಹೊಟ್ಟೆ ಉಬ್ಬಿದೆ, ಲ್ಯಾಕ್ಟೇಟ್ (ಅಂಗಗಳಿಗೆ ರಕ್ತ ಸಾಲದಿದ್ದಾಗ ಏರೋದು) 2ರಿಂದ 4ಕ್ಕೆ ಹೋಗಿದೆ. ಕಿಡ್ನಿ ಸೋತಾಗ ಏರುವ ಕ್ರಿಯಾಟಿನಿನ್ ಎರಡೂವರೆ ಹತ್ತಿರ ಇತ್ತು, ಕಾಂಟ್ರಾಸ್ಟ್ (ರಕ್ತನಾಳ ಎದ್ದು ಕಾಣಲು ಚುಚ್ಚುವ ಔಷಧಿ) ಕಿಡ್ನಿಗೆ ಹೊರೆ, ಬೇಡ ಅಂತ ಎಲ್ಲರೂ ಒಪ್ಪಿದೆವು, ನಾನೂ ಒಪ್ಪಿದೆ. ಪ್ಲೇನ್ ಸಿಟಿಯಲ್ಲಿ, ಅಂದರೆ ಕಾಂಟ್ರಾಸ್ಟ್ ಇಲ್ಲದ್ದರಲ್ಲಿ, ನೀರು ತುಂಬಿದ ಕರುಳಿನ ಲೂಪ್‌ಗಳು, ಸ್ವಲ್ಪ ಹಿಗ್ಗಿದ ಕೋಲನ್ (ದೊಡ್ಡ ಕರುಳು). ಸೆಡೇಷನ್‌ನಲ್ಲಿ ಇರೋರ ಕರುಳು ಮಲಗೋದು ಮಾಮೂಲಿ ಅಲ್ವಾ, "ಇಲಿಯಸ್" ಅಂತ ಬರೆದು ಮುಂದಿನ ಕೇಸಿಗೆ ಹೋದೆ. ಮಾರನೇ ದಿನ ಲ್ಯಾಕ್ಟೇಟ್ 9. ಈಗ ಕಾಂಟ್ರಾಸ್ಟ್ ಕೊಟ್ಟು ನೋಡಿದರೆ ಕರುಳಿಗೆ ರಕ್ತ ಒಯ್ಯುವ ಧಮನಿ ಎಸ್ಎಂಎಯಲ್ಲಿ ಹೆಪ್ಪು, ಸಣ್ಣ ಕರುಳಿನ ಗೋಡೆ ಎಲ್ಲೂ ಎನ್‌ಹಾನ್ಸ್ ಆಗುತ್ತಿಲ್ಲ (ಕಾಂಟ್ರಾಸ್ಟ್ ಬಂದು ಬೆಳಗುತ್ತಿಲ್ಲ), ಕರುಳಿನಿಂದ ಲಿವರ್‌ಗೆ ಹೋಗುವ ಪೋರ್ಟಲ್ ವೇನ್‌ನ ಕವಲುಗಳಲ್ಲಿ ಲಿವರ್ ಅಂಚಿನವರೆಗೂ ಗಾಳಿ. ಸರ್ಜನ್ ಹೊಟ್ಟೆ ತೆರೆದರು, ಕಪ್ಪಾಗಿತ್ತು, ಹಾಗೇ ಹೊಲಿದು ಬಂದರು.

ಅವತ್ತು ರಾತ್ರಿ ಹಿಂದಿನ ದಿನದ ಪ್ಲೇನ್ ಸಿಟಿ ಮತ್ತೆ ತೆಗೆದು, ಗಾಳಿ ಎದ್ದು ಕಾಣುವ ಲಂಗ್ ವಿಂಡೋಗೆ ಹಾಕಿದೆ. ಬಲಗಡೆ ಒಂದು ಲೂಪ್‌ನ ಕೆಳಗೋಡೆಯಲ್ಲಿ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು, ಸಾಲಾಗಿ. ಅಂಗಾತ ಮಲಗಿದವರ ಕರುಳಿನೊಳಗಿನ ಗಾಳಿ ಮೇಲಕ್ಕೆ ತೇಲುತ್ತದೆ. ಕೆಳಗೋಡೆಯಲ್ಲಿ ಗಾಳಿ ಕೂತಿದೆ ಅಂದರೆ ಅದು ಗೋಡೆಯೊಳಗೇ ಇರೋದು. ನಾನು ಸಾಫ್ಟ್ ಟಿಶ್ಯೂ ವಿಂಡೋದಲ್ಲೇ ಮುಗಿಸಿದ್ದೆ. 2020ರಲ್ಲೇ ಬೋಸ್ಟನ್‌ನಿಂದ 412 ರೋಗಿಗಳ ಲೆಕ್ಕ ಬಂದಿತ್ತು, ಹೊಟ್ಟೆ ಸಿಟಿಗಳಲ್ಲಿ ಸುಮಾರು ಶೇ. 31ರಷ್ಟರಲ್ಲಿ ಕರುಳಿನ ಗೋಡೆ ಸರಿ ಇರಲಿಲ್ಲ ಅಂತ. ಅದನ್ನು ಓದಿದ್ದೆ ಕೂಡ. ಓದಿ ಏನು ಬಂತು?

ಆಮೇಲೆ ಹಳೇ ರಿಜಿಸ್ಟರ್ ತೆಗೆದು ಲೆಕ್ಕ ಹಾಕಿದೆ. ಆ ತಿಂಗಳು ಹನ್ನೊಂದೋ ಹನ್ನೆರಡೋ ಪ್ಲೇನ್ ಹೊಟ್ಟೆ ಸಿಟಿ ಮಾಡಿದ್ದೆವು, ಅದರಲ್ಲಿ ಏಳನ್ನು ಎರಡು ಮೂರು ದಿನದೊಳಗೆ ಕಾಂಟ್ರಾಸ್ಟ್ ಜೊತೆ ಮತ್ತೆ ಮಾಡಿದ್ದೆವು. ವೆಂಟಿಲೇಟರ್ ರೋಗಿಯನ್ನು ಒಂದು ಸಲ ಕೆಳಗೆ ತರೋದು ಅಂದರೆ ನಾಲ್ಕು ಜನ, ನಾಲ್ಕು ಪಿಪಿಇ ಕಿಟ್, ಎರಡು ಸಿಲಿಂಡರ್, ಟ್ರಾನ್ಸ್‌ಪೋರ್ಟ್ ವೆಂಟಿಲೇಟರ್‌ಗೆ ಬದಲಾಯಿಸುವಾಗ ಟ್ಯೂಬ್ ಕ್ಲಾಂಪ್ ಮಾಡದಿದ್ದರೆ ಪೀಪ್ (ಶ್ವಾಸಕೋಶ ಮುಚ್ಚದಂತೆ ಹಿಡಿಯುವ ಒತ್ತಡ) ಹೋಗಿ ಸ್ಯಾಚುರೇಷನ್ ಬೀಳೋದು, ಆಮೇಲೆ ರೂಮ್ ಸ್ವಚ್ಛ ಮಾಡಿ ಗಾಳಿ ಬದಲಾಗೋವರೆಗೆ ಮಷಿನ್ ಖಾಲಿ. ಸಾಮಾನ್ಯ ರೋಗಿಗಳಾಗಿದ್ದರೆ ಅಷ್ಟು ಹೊತ್ತಿನಲ್ಲಿ ಐದಾರು ಸಿಟಿ ಮುಗಿಯುತ್ತಿತ್ತು. ಈ ಲೆಕ್ಕ ಹಿಡಿದುಕೊಂಡು ಆಡಳಿತದವರ ಹತ್ತಿರ ಹೋದೆ, ಐಸಿಯುಗೇ ಅಂತ ಒಂದು ಅಲ್ಟ್ರಾಸೌಂಡ್ ಕೊಡಿ, ಕೆಲಸಕ್ಕೆ ಬಾರದ ಸಿಟಿ ಉಳಿದ ದುಡ್ಡಲ್ಲೇ ಅದು ಹುಟ್ಟುತ್ತದೆ ಅಂದೆ. ಹೊಸದು ಕೊಡಲಿಲ್ಲ. ಗುಜರಿಗೆ ಹೋಗಬೇಕಿದ್ದ ಹಳೇ ಪೋರ್ಟಬಲ್ ಕೊಟ್ಟರು. ಬ್ಯಾಟರಿ ಇಪ್ಪತ್ತು ನಿಮಿಷಕ್ಕೆ ಸಾಯುತ್ತಿತ್ತು, ಹೊಸ ಬ್ಯಾಟರಿ ನನ್ನ ಜೇಬಿನಿಂದ.

ದುಡ್ಡು ಅಲ್ಲಿಗೇ ನಿಲ್ಲಲಿಲ್ಲ. ಮೊದಲ ತಿಂಗಳು ಪ್ರೋಬ್‌ಗೆ (ಮೈಮೇಲೆ ಇಡುವ ಭಾಗಕ್ಕೆ) ಸುಮ್ನೆ ಸ್ಪಿರಿಟ್ ಹಾಕಿ ಒರೆಸಿದೆವು. ಹೊಟ್ಟೆ ನೋಡುವ ಬಾಗಿದ ಪ್ರೋಬ್‌ನ ಮುಖದ ರಬ್ಬರ್ ಬಿರುಕು ಬಿಟ್ಟಿತು, ಚಿತ್ರದ ಮಧ್ಯೆ ಒಂದು ಕಪ್ಪು ಪಟ್ಟಿ. ಹೊಸ ಪ್ರೋಬ್‌ಗೆ ಹೇಳಿದ ಬೆಲೆ ಆ ಹಳೇ ಮಷಿನ್‌ನ ಬೆಲೆಗಿಂತ ಜಾಸ್ತಿ ಇತ್ತು. ಕಂಪನಿಯ ಕೈಪಿಡಿಯಲ್ಲಿ ಯಾವ ದ್ರಾವಣದಲ್ಲಿ ಒರೆಸಬೇಕು ಅಂತ ಮೊದಲೇ ಇತ್ತು, ಯಾರೂ ಓದಿರಲಿಲ್ಲ. ಆಮೇಲೆ ಫೋನ್‌ಗೆ ಸಿಕ್ಕಿಸೋ ಕೈ ಪ್ರೋಬ್ ಒಂದನ್ನು ತಿಂಗಳ ಸಂಬಳದಷ್ಟು ಕೊಟ್ಟು ತಗೊಂಡೆ. ಎರಡು ಪ್ಲಾಸ್ಟಿಕ್ ಕವರ್ ಒಳಗೆ ಅದು ಬಿಸಿಯಾಗಿ ಹದಿನೈದು ನಿಮಿಷಕ್ಕೆ ತಾನೇ ಆಫ್ ಆಗುತ್ತಿತ್ತು. ಪಿತ್ತಕೋಶಕ್ಕೆ ಓಕೆ, ರಕ್ತದ ಓಟ ನೋಡುವ ಡಾಪ್ಲರ್‌ಗೆ ಪ್ರಯೋಜನ ಇಲ್ಲ. ಈಗ ಡ್ರಾಯರ್‌ನಲ್ಲಿದೆ.

ವಿಧಾನದಲ್ಲಿ ದೊಡ್ಡ ವಿದ್ಯೆ ಏನಿಲ್ಲ. ಪ್ರತಿ ರೋಗಿಗೂ ದಿನಕ್ಕೊಮ್ಮೆ, ಅದೇ ಜಾಗಗಳು, ಏಳೆಂಟು ನಿಮಿಷ. ಪಿತ್ತಕೋಶದ ಗೋಡೆ ಮತ್ತು ಅಗಲ, ಪೋರ್ಟಲ್ ವೇನ್ ಡಾಪ್ಲರ್ ಜೊತೆ, ಎಸ್ಎಂಎಯ ಬುಡ, ಎರಡೂ ಕಿಡ್ನಿ, ಎರಡೂ ಸೋಯಸ್ (ಬೆನ್ನುಮೂಳೆ ಪಕ್ಕದ ಸ್ನಾಯು), ಬಲಗಡೆ ಸೀಕಮ್ (ದೊಡ್ಡ ಕರುಳಿನ ಶುರು), ಕೊನೆಗೆ ನೇರ ಮುಖದ ಲೀನಿಯರ್ ಪ್ರೋಬ್‌ನಲ್ಲಿ ರೆಕ್ಟಸ್ (ಹೊಟ್ಟೆ ಮುಂಭಾಗದ ಸ್ನಾಯು). ಅಂಕಿಗಳು ಒಂದು ನೋಟ್‌ಬುಕ್‌ಗೆ. ನೋಟ್‌ಬುಕ್ಕೇ ಮುಖ್ಯ. ಯಾಕಂದರೆ ಐಸಿಯುನಲ್ಲಿ ಒಂದೇ ಸಲ ನೋಡಿದರೆ ಎಲ್ಲರ ಪಿತ್ತಕೋಶವೂ ಕೆಟ್ಟದಾಗೇ ಕಾಣುತ್ತದೆ, ಊಟ ಇಲ್ಲ, ಆಲ್ಬುಮಿನ್ ಕಮ್ಮಿ, ಒಳಗೆ ಕೆಸರಿನಂಥ ಸ್ಲಡ್ಜ್, ಗೋಡೆ ದಪ್ಪ. ಮೊದಲ ಎರಡು ವಾರ ನಾನು ಮೂರು ಜನಕ್ಕೆ ಅಕ್ಯಾಲ್ಕುಲಸ್ ಕೋಲಿಸಿಸ್ಟೈಟಿಸ್ (ಕಲ್ಲಿಲ್ಲದೆ ಬರುವ ಪಿತ್ತಕೋಶದ ಉರಿಯೂತ) ಅಂದೆ. ಒಬ್ಬರಿಗೆ ನನ್ನ ಮಾತು ಕೇಳಿ ಪಿತ್ತಕೋಶಕ್ಕೆ ಟ್ಯೂಬ್ ಹಾಕಿದರು. ತಿಳಿ ಪಿತ್ತರಸ ಬಂತು, ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಆ ಹಿರಿಯರು ಏನೂ ಅನ್ನಲಿಲ್ಲ, ಆ ಟ್ಯೂಬ್‌ನ ಬ್ಯಾಗ್ ಕಡೆ ಒಂದು ಸಲ ನೋಡಿದರು ಅಷ್ಟೇ. ಅವತ್ತಿಂದ ಒಂದು ದಿನದ ಅಂಕಿ ಮೇಲೆ ಯಾವುದಕ್ಕೂ ಹೆಸರಿಟ್ಟಿಲ್ಲ. ನಿನ್ನೆ ಮೊನ್ನೆ 3 ಮಿಲಿಮೀಟರ್ ಇದ್ದ ಗೋಡೆ ಇವತ್ತು 6 ಆಗಿ, ಅಗಲ 4 ಸೆಂಟಿಮೀಟರ್ ದಾಟಿ, ಸುತ್ತ ನೀರು ಕಂಡು, ಜ್ವರವೂ ಇದ್ದರೆ ಫೋನ್ ಮಾಡುತ್ತೇನೆ.

ಎನ್‌ಐವಿ (ಮಾಸ್ಕ್‌ನಿಂದ ಕೊಡುವ ವೆಂಟಿಲೇಷನ್) ಮೇಲಿರೋರು ಗಾಳಿ ನುಂಗಿರುತ್ತಾರೆ, ಏನೂ ಕಾಣಲ್ಲ ಅಂತ ಎಲ್ಲರೂ ಕೈಬಿಡುತ್ತಾರೆ. ಹತ್ತು ನಿಮಿಷ ಮುಂಚೆ ಸಿಸ್ಟರ್‌ಗೆ ಹೇಳಿ ಮೂಗಿನಿಂದ ಹೊಟ್ಟೆಗಿಳಿದ ರೈಲ್ಸ್ ಟ್ಯೂಬ್‌ನಿಂದ ಗಾಳಿ ಎಳೆಸಿ, ಎಸ್ಎಂಎ ಬುಡ ಮುಕ್ಕಾಲುಪಾಲು ಜನರಲ್ಲಿ ಸಿಗುತ್ತದೆ. ಬೋರಲು ಮಲಗಿದವರಲ್ಲಿ ಕಿಡ್ನಿ ಇನ್ನೂ ಚೆನ್ನಾಗಿ ಕಾಣುತ್ತದೆ, ಪಿತ್ತಕೋಶ ಕಷ್ಟ. ಅದಕ್ಕೆ ನನ್ನದೇ ಒಂದು ಕೋನ ಇದೆ, ಬರೆದು ಹೇಳೋಕಾಗಲ್ಲ ಅಂತ ಜೂನಿಯರ್‌ಗಳಿಗೆ ಸಬೂಬು ಹೇಳುತ್ತಾ ಬಂದಿದ್ದೇನೆ, ಇಲ್ಲೂ ಅದೇ ಸಬೂಬು.

ಪೋರ್ಟಲ್ ವೇನ್‌ನಲ್ಲಿ ಗಾಳಿ ಹೋಗೋದನ್ನು ನೋಡಿದ್ದೀರಾ? ಸಣ್ಣ ಬಿಳಿ ಚುಕ್ಕೆಗಳು ರಕ್ತದ ಜೊತೆ ಓಡುತ್ತವೆ. ಡಾಪ್ಲರ್ ಗೇಟ್ ಇಟ್ಟರೆ ನುಣುಪಾದ ಅಲೆಯ ಮೇಲೆ ನೆಟ್ಟಗೆ ಮುಳ್ಳುಗಳು ಏಳುತ್ತವೆ, ಸ್ಪೀಕರ್‌ನಲ್ಲಿ ಚಟ್ ಚಟ್ ಅಂತ ಸದ್ದು. ಸಿಟಿಯಲ್ಲಿ ಕಾಣಿಸದಷ್ಟು ಕಮ್ಮಿ ಗಾಳಿಯೂ ಹೀಗೆ ಸಿಗಬಹುದು. ಮೊದಲ ಸಲ ಆ ಸದ್ದು ಕೇಳಿದಾಗ ಲ್ಯಾಕ್ಟೇಟ್ ಇನ್ನೂ 3 ಇತ್ತು. ನೇರ ಸಿಟಿಗೆ ಇಳಿಸಿದೆವು. ಸುಮಾರು 40 ಸೆಂಟಿಮೀಟರ್ ಕರುಳು ಹೋಯಿತು, ಮನುಷ್ಯ ಉಳಿದರು.

ಸಿಟಿ ಮಾಡಿದರೆ ಸರಿಯಾಗಿ ಮಾಡಬೇಕು. ಮೊದಲು ಪ್ಲೇನ್, ಆಮೇಲೆ ಕಾಂಟ್ರಾಸ್ಟ್ ಧಮನಿಯಲ್ಲಿರುವಾಗ ಆರ್ಟೀರಿಯಲ್, ಅಭಿಧಮನಿಗೆ ಬಂದಾಗ 70 ಸೆಕೆಂಡ್‌ನ ವೀನಸ್, ಬಾಯಿಗೆ ಕಾಂಟ್ರಾಸ್ಟ್ ಬೇಡ. ನಿಗದಿತ ಸೆಕೆಂಡ್ ಲೆಕ್ಕ ಇಟ್ಟು ಎರಡು ಕೇಸ್ ಹಾಳು ಮಾಡಿದ್ದೇನೆ, ಹೃದಯದ ಪಂಪಿಂಗ್ ಕಮ್ಮಿ ಇರೋರಲ್ಲಿ ಅಯೋರ್ಟಾ (ಮಹಾಧಮನಿ) ತುಂಬೋದೇ ನಿಧಾನ. ಬೋಲಸ್ ಟ್ರ್ಯಾಕಿಂಗ್ (ಅಲ್ಲಿ ಕಾಂಟ್ರಾಸ್ಟ್ ಬಂದದ್ದು ನೋಡಿಯೇ ಸ್ಕ್ಯಾನ್ ಶುರು ಮಾಡೋದು) ಬಿಟ್ಟರೆ ಬೇರೆ ದಾರಿ ಇಲ್ಲ. ಮೊಣಕೈ ಹತ್ತಿರ 18 ಅಥವಾ 20 ಗೇಜ್ ಸೂಜಿ ಐಸಿಯುನಲ್ಲೇ ಹಾಕಿಸಿಕೊಂಡು ಬನ್ನಿ, ಕೆಲವು ಸೆಂಟ್ರಲ್ ಲೈನ್‌ಗಳು (ದೊಡ್ಡ ಅಭಿಧಮನಿಗೆ ಹಾಕಿದ ಟ್ಯೂಬ್) ಇಂಜೆಕ್ಟರ್ ಒತ್ತಡ ತಡೆಯಲ್ಲ. ಕ್ರಿಯಾಟಿನಿನ್ ಜಗಳ ಬಗೆಹರಿಸಿದ್ದು ನೆಫ್ರಾಲಜಿಯ ಮೇಡಂ. "ಕಿಡ್ನಿ ಕೈಕೊಟ್ಟರೆ ನಾನಿದ್ದೀನಿ, ಡಯಾಲಿಸಿಸ್ ಇದೆ. ಕರುಳು ಹೋದರೆ ಏನು ಮಾಡ್ತೀರಿ?" ಅಂದರು. ಅದಾದ ಮೇಲೆ ಯಾರೂ ಮಾತಾಡಲಿಲ್ಲ.

ಆದರೆ ನಾನು ಹುಡುಕಿಕೊಂಡು ಹೋಗಿದ್ದು ಹೆಪ್ಪನ್ನು, ಜಾಸ್ತಿ ಸಿಕ್ಕಿದ್ದು ರಕ್ತಸ್ರಾವ. ಎಲ್ಲರಿಗೂ ಹೆಪ್ಪು ತಡೆಯುವ ಹೆಪಾರಿನ್, ಕೆಲವರಿಗೆ ಪೂರ್ತಿ ಡೋಸ್, ಜೊತೆಗೆ ಬಿಡದ ಕೆಮ್ಮು. ಒಂದು ಕೇಸ್ ಸಿಸ್ಟರ್ ಹಿಡಿದಿದ್ದು. "ಸರ್, ಇವರು ಬೆಳಿಗ್ಗೆಯಿಂದ ಎಡಗಾಲು ಮಡಚಿಕೊಂಡೇ ಇದ್ದಾರೆ, ನೀಡಿದರೆ ಮುಖ ಕಿವುಚ್ತಾರೆ" ಅಂದರು. ಸೋಯಸ್ ಮೇಲೆ ಪ್ರೋಬ್ ಇಟ್ಟರೆ ನಿನ್ನೆ ಇಲ್ಲದ ಒಂದು ಗಡ್ಡೆ, ಒಳಗೆ ಕೆಂಪು ಕಣಗಳು ಕೆಳಗೆ ಕೂತು ಮೇಲೆ ತಿಳಿ, ನಡುವೆ ಗೆರೆ ಎಳೆದ ಹಾಗೆ. ಹಿಮೋಗ್ಲೋಬಿನ್ 11ರಿಂದ 8ಕ್ಕೆ ಬಂದಿತ್ತು. ಸಿಟಿಯಲ್ಲಿ ಆರ್ಟೀರಿಯಲ್‌ನಲ್ಲಿ ಕಂಡ ಬಿಳಿ ಚುಕ್ಕೆ ವೀನಸ್‌ನಲ್ಲಿ ದೊಡ್ಡದಾಗಿತ್ತು, ಅಂದರೆ ಇನ್ನೂ ಸುರಿಯುತ್ತಿದೆ. ಲಂಬಾರ್ ಆರ್ಟರಿ (ಸೊಂಟದ ಭಾಗದ ಧಮನಿ) ಮುಚ್ಚಿದೆವು. ಆ ಸಿಸ್ಟರ್‌ಗೆ ಈಗಲೂ ನಾನು ಮೊದಲು ನಮಸ್ಕಾರ ಹೇಳುತ್ತೇನೆ.

ಮಧ್ಯೆ ಒಂದು ಹುಚ್ಚು ಪ್ರಯೋಗಕ್ಕೂ ಹೊರಟಿದ್ದೆ. ಕಿಡ್ನಿ ಇನ್‌ಫಾರ್ಕ್ಟ್ (ರಕ್ತ ನಿಂತು ಸತ್ತ ಭಾಗ) ಹಿಡಿಯಲು ಅಲ್ಟ್ರಾಸೌಂಡ್‌ನ ಮೈಕ್ರೋಬಬಲ್ ಕಾಂಟ್ರಾಸ್ಟ್ (ಸಣ್ಣ ಗ್ಯಾಸ್ ಗುಳ್ಳೆಗಳ ಇಂಜೆಕ್ಷನ್) ಒಳ್ಳೆಯದು, ಅದರ ಗ್ಯಾಸ್ ಉಸಿರಿನಲ್ಲೇ ಹೊರಗೆ ಹೋಗುತ್ತದೆ, ಕಿಡ್ನಿಗೆ ಭಾರ ಇಲ್ಲ. ಒಂದು ಬಾಕ್ಸ್ ತರಿಸಿದ ಮೇಲೆ ಅದರ ಚೀಟಿ ಓದಿದರೆ ಎಆರ್‌ಡಿಎಸ್ (ಶ್ವಾಸಕೋಶ ತೀವ್ರವಾಗಿ ಸೋಲೋದು) ಇದ್ದವರ ಬಗ್ಗೆ ಎಚ್ಚರಿಕೆ ಇತ್ತು. ನಮ್ಮಲ್ಲಿ ಇದ್ದೋರೆಲ್ಲ ಅವರೇ. ಬಾಕ್ಸ್ ಡೇಟ್ ಮುಗಿದು ಹೋಯಿತು, ಅದರ ಬಿಲ್ ಬಗ್ಗೆ ನಾನು ಯಾರ ಹತ್ತಿರವೂ ಮಾತಾಡಲ್ಲ.

ಒಂಬತ್ತು ತಿಂಗಳಲ್ಲಿ ನೂರ ನಲವತ್ತರ ಆಸುಪಾಸು ರೋಗಿಗಳನ್ನು ನೋಡಿರಬೇಕು. ಚಿಕಿತ್ಸೆ ಬದಲಾಯಿಸುವಂಥದ್ದು ಸಿಕ್ಕಿದ್ದು ಇಪ್ಪತ್ತು ಚಿಲ್ಲರೆ. ಬರೀ ಪ್ಲೇನ್ ಹೊಟ್ಟೆ ಸಿಟಿ ಪೂರ್ತಿ ನಿಂತಿತು, ಸುಮ್ನೆ ಕೆಳಗೆ ಇಳಿಸೋದು ಅರ್ಧಕ್ಕಿಂತ ಕಮ್ಮಿಯಾಯಿತು. ಈಗ ಜೋರಾದ ಫ್ಲೂ ಬಂದವರಿಗೂ ಅದೇ ನೋಟ್‌ಬುಕ್ ನಡೆಯುತ್ತಿದೆ.

ಮೊನ್ನೆ ರಾತ್ರಿ ಎರಡಕ್ಕೆ ಫೋನ್. ಅದೇ ಹಿರಿಯರು. "ಡಾಕ್ಟ್ರೇ, ಬೆಡ್ ಒಂಬತ್ತು, ನಿನ್ನೆ ಗೋಡೆ ಎಷ್ಟಿತ್ತು?" ಮೂರೂವರೆ ಸರ್ ಅಂದೆ. "ಒಂದ್ಸಲ ಬಂದು ನೋಡ್ತೀರಾ?" ಹೋದೆ. ನಾಲ್ಕು ಇತ್ತು. ಬೆಳಿಗ್ಗೆ ಮತ್ತೆ ನೋಡೋಣ ಸರ್ ಅಂತ ಬರೆದಿಟ್ಟು ಬಂದೆ.